ಎರಡು ಸೀಟು, ಒಂದು ಮದ್ದಳೆ

ನಮ್ಮ ಕಡೆ ಮನೆಯ ಛಾವಣಿಗೆ ಮಾಡು ಅಂತ ಹೇಳುವುದು. ಐದು ವರ್ಷದ ಹಿಂದೆ ನನ್ನ ಕಾರು ಅಂಗಳಕ್ಕೆ ಬಂದು ನಿಂತಾಗ ಅಪ್ಪ ಅದಕ್ಕೆ ಒಂದು ಸುತ್ತು ಬಂದರು. ಆಮೇಲೆ ಕೇಳಿದ್ದು ಒಂದೇ ಮಾತು. "ಇದರ ಮಾಡು ಎಲ್ಲಿ?"

ಮಾಡು ಡಿಕ್ಕಿಯಲ್ಲಿತ್ತು, ಮಡಚಿಟ್ಟ ಬಟ್ಟೆಯ ಗಂಟಾಗಿ. ಅಪ್ಪ ಅದನ್ನೂ ನೋಡಿದರು. ಸೀಟು ಎಣಿಸಿದರು. ಎರಡು. ಮನೆಯಲ್ಲಿ ನಾವು ನಾಲ್ಕು ಜನ. ಮತ್ತೇನೂ ಹೇಳದೆ ತೋಟದ ಕಡೆ ಹೋದರು.

ಕಾರು ಸ್ಯಾನ್ ಸ್ಟಾರ್ಮ್. ತೊಂಬತ್ತರ ದಶಕದ ಕೊನೆಗೆ ಬಂದದ್ದು, ಗೋವಾದಲ್ಲಿ ತಯಾರಾಗುತ್ತಿತ್ತು. ಮೈಯೆಲ್ಲ ಫೈಬರ್. ಎಂಜಿನ್ ರೆನೋದ್ದು, 1149 ಸಿಸಿ, 60 ಹಾರ್ಸ್‌ಪವರ್. ಯುರೋಪಿನಲ್ಲಿ ಕ್ಲಿಯೋ, ಟ್ವಿಂಗೋ ಅನ್ನುವ ಪುಟ್ಟ ಕಾರುಗಳಲ್ಲಿದ್ದ ಎಂಜಿನ್ನೇ ಇದು. ಅರವತ್ತು ಅಂದರೆ ಈಗಿನ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಕಾರೇ ಹಗುರ. ನೆಲಕ್ಕೆ ಅಷ್ಟು ಹತ್ತಿರ ಕೂತು ಹೋಗುವಾಗ ನಲವತ್ತರ ವೇಗವೂ ಜಾಸ್ತಿ ಅನಿಸುತ್ತದೆ. ಮಂಗಳೂರಿನಲ್ಲಿ ಬಿ.ಎಡ್. ಓದುತ್ತಿದ್ದಾಗ ಹಂಪನಕಟ್ಟೆಯಲ್ಲಿ ಒಮ್ಮೆ ಇಂಥದ್ದೇ ಕೆಂಪು ಕಾರು ನೋಡಿದ್ದೆ. ಬಸ್ಸಿನ ಕಿಟಕಿಯಿಂದ ಕೆಳಗೆ ನೋಡಿದರೆ ಓಡಿಸುವವನ ಮೊಣಕಾಲೂ ಕಾಣುತ್ತಿತ್ತು. ಆ ಆಸೆ ಇಪ್ಪತ್ತು ವರ್ಷ ಮನಸ್ಸಿನಲ್ಲೇ ಉಳಿಯಿತು. ಕೊನೆಗೆ ಮಂಗಳೂರಿನ ಒಬ್ಬ ಹಿರಿಯರು ಇನ್ನು ಓಡಿಸಲಾರೆ ಅಂತ ಮಾರುವಾಗ ತಗೊಂಡೆ.

ಮಂಗಳೂರಿನ ಕೆಎ 19 ನಂಬರ್ ಹೋಗಿ ನಮ್ಮ ಕಾಸರಗೋಡಿನ ಕೆಎಲ್ 14 ಆಗಬೇಕಿತ್ತು. ಅಲ್ಲಿಂದ ಎನ್‌ಒಸಿ, ಇಲ್ಲಿ ಟ್ಯಾಕ್ಸು, ತಪಾಸಣೆ. ಎಲ್ಲ ಮುಗಿದು ಹೊಸ ಪ್ಲೇಟ್ ಹಾಕಿಸಿಕೊಂಡು ಬಂದ ದಿನ ಅಪ್ಪ ಮೊದಲ ಸಲ ಕಾರಿನ ಪಕ್ಕ ಸ್ವಲ್ಪ ಹೊತ್ತು ನಿಂತರು. "ನನಗೂ ಹೀಗೇ ಆದದ್ದು," ಅಂದರು. "ಹುಟ್ಟುವಾಗ ಮದ್ರಾಸು, ದಕ್ಷಿಣ ಕನ್ನಡ ಜಿಲ್ಲೆ. ಹತ್ತು ವರ್ಷ ಆಗುವಾಗ ಕೇರಳ. ಮನೆ ಇದ್ದಲ್ಲೇ ಇತ್ತು." 1956ರ ನವೆಂಬರ್ 1ರ ಬಗ್ಗೆ ಅವರು ಅದಕ್ಕಿಂತ ಹೆಚ್ಚು ಹೇಳಿದ್ದನ್ನು ನಾನು ಕೇಳಿಲ್ಲ.

ನಮ್ಮದು ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ. ನಾನು ಕುಂಬಳೆ ಕಡೆಯ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ದಿನಾ ಹೋಗಿ ಬರುವುದು ಈ ಕಾರಿನಲ್ಲೇ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟೂವರೆಗೆ ಮಾಡು ತೆಗೆದು ಹೊರಟರೆ ದಾರಿ ಮೂಗಿಗೇ ಗೊತ್ತಾಗುತ್ತದೆ. ಜನವರಿಯಲ್ಲಿ ಗೇರು ಹೂವು. ಅಂಗಳಗಳಲ್ಲಿ ಒಣಗುವ ಅಡಿಕೆ. ಕುಂಬಳೆ ಹತ್ತಿರವಾದ ಹಾಗೆ ಒಣಮೀನು. ಎಸಿ ಹಾಕಿದ ಕಾರಿನಲ್ಲಿ ಇದೇ ದಾರಿಯಲ್ಲಿ ಹತ್ತು ವರ್ಷ ಹೋಗಿದ್ದೇನೆ. ಸೀತಾಂಗೋಳಿಯಲ್ಲಿ ಎಷ್ಟು ಭಾಷೆ ಮಾತಾಡುತ್ತಾರೆ ಅಂತ ಕಿವಿಗೆ ಬಿದ್ದದ್ದು ಈ ಕಾರು ಬಂದ ಮೇಲೆ. ಅಂಗಡಿ ಮುಂದೆ ನಿಧಾನ ಮಾಡಿದರೆ ಸಾಕು, ತುಳು, ಮಲಯಾಳ, ಬ್ಯಾರಿ, ಕನ್ನಡ, ಮರಾಟಿ ಎಲ್ಲ ಒಂದೇ ಉಸಿರಿಗೆ ಒಳಗೆ ಬರುತ್ತವೆ. ಗುರುತಿನವರು ಕೈ ಎತ್ತುವುದಿಲ್ಲ, ಸೀದಾ ಮಾತೇ ಶುರು ಮಾಡುತ್ತಾರೆ.

ಕಷ್ಟ ಇಲ್ಲ ಅಂತಲ್ಲ. ಅಡಿಕೆ ಮೂಟೆ ಹಾಕಲಾಗುವುದಿಲ್ಲ, ಅದಕ್ಕೆ ಜೀಪು ಹೇಳಬೇಕು. ನಾಲ್ಕೂ ಜನ ಮದುವೆಗೆ ಹೊರಟರೆ ಬಾಡಿಗೆ ಕಾರು. ಹೈವೇ ಅಗಲ ಮಾಡುವ ಕೆಲಸ ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ನಡೆಯುತ್ತಿದ್ದಾಗ ಅಲ್ಲಿ ಮಾಡು ತೆಗೆಯುವ ಮಾತೇ ಇರಲಿಲ್ಲ, ಕೆಂಪು ಧೂಳು. ಮತ್ತೆ ಮಳೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರಿದು. ಇಪ್ಪತ್ತು ವರ್ಷ ಹಳೆಯ ಬಟ್ಟೆಯ ಮಾಡು ಎಷ್ಟು ತಡೆದೀತು?

ಆದರೆ ಈ ಊರಿನಲ್ಲಿ ಇಂಥ ಕಾರು ಇಟ್ಟುಕೊಳ್ಳಬಹುದು ಅಂತ ನನಗೆ ಧೈರ್ಯ ಬಂದದ್ದು ಇಲ್ಲಿಯ ಕೈಗಳಿಂದ. ಒಮ್ಮೆ ಮನೆಯ ಏರಿನಲ್ಲಿ ಮುರಕಲ್ಲಿಗೆ ತಾಗಿ ಮುಂದಿನ ಬಂಪರ್ ಒಂದು ಗೇಣು ಸೀಳಿತು. ಕಾರು ರಿಪೇರಿ ಮಾಡುವವರು ತಲೆ ಆಡಿಸಿದರು. ತಗಡಾದರೆ ಬಡಿದು ಸರಿ ಮಾಡಬಹುದು, ಇದು ಫೈಬರ್. ಆಗ ನನಗೆ ಹೊಳೆದದ್ದು ಕಾಸರಗೋಡಿನ ಕಡಲ ತೀರ. ಅಲ್ಲಿ ಫೈಬರ್ ದೋಣಿಗಳಿವೆ, ಅವೂ ಬಂಡೆಗೆ ತಾಗುತ್ತವೆ, ಅವನ್ನು ಯಾರೋ ಸರಿ ಮಾಡುತ್ತಾರೆ ಅಲ್ವಾ? ದೋಣಿ ಸರಿ ಮಾಡುವವರು ಕಾರಿನ ಸೀಳಿಗೆ ಬೆರಳು ಹಾಕಿ ಒಳಗಿನ ಪದರ ಮುಟ್ಟಿ ನೋಡಿದರು. ಸುತ್ತ ಉಜ್ಜಿದರು. ಗಾಜಿನ ನಾರಿನ ಮ್ಯಾಟ್ ಅಂಗೈ ಅಗಲ ಕತ್ತರಿಸಿ, ರೆಸಿನ್‌ಗೆ ಹಾರ್ಡ್‌ನರ್ ಬೆರೆಸಿ, ಬ್ರಷ್‌ನಿಂದ ಒಂದರ ಮೇಲೊಂದು ಮೂರು ಪದರ ಕೂರಿಸಿದರು. ಒಳಗೆ ಗಾಳಿಗುಳ್ಳೆ ಉಳಿಯಬಾರದು ಅಂತ ಬ್ರಷ್ಷನ್ನು ಗುದ್ದುವ ಹಾಗೆ ಒತ್ತುತ್ತಿದ್ದರು. ಒಂದು ಗಂಟೆಯಲ್ಲಿ ಕಲ್ಲಾಯಿತು. "ಸಮುದ್ರಕ್ಕೆ ಇಳಿಸಿದರೂ ಏನೂ ಆಗುವುದಿಲ್ಲ," ಅಂದರು. ಈಗ ಆ ಜಾಗವೇ ಇಡೀ ಕಾರಿನಲ್ಲಿ ಗಟ್ಟಿ.

ಟೈಮಿಂಗ್ ಬೆಲ್ಟ್ ಬಂದದ್ದು ಶಾರ್ಜಾದಿಂದ, ಹೆಂಡತಿಯ ತಮ್ಮನ ಪೆಟ್ಟಿಗೆಯಲ್ಲಿ, ಖರ್ಜೂರದ ಪೊಟ್ಟಣಗಳ ನಡುವೆ. ಮಾಡು ಹೊಲಿದು ಕೊಟ್ಟವರು ಆಟೋ ರಿಕ್ಷಾಗಳ ಹುಡ್ ಹೊಲಿಯುವವರು. ಹಳೆಯದನ್ನು ಬಿಚ್ಚಿ ಅಳತೆ ತೆಗೆದು, ಕಪ್ಪು ರೆಕ್ಸಿನ್ ಹಾಕಿ, ಹೊಲಿಗೆಯ ಒಳಬದಿಗೆ ಪಟ್ಟಿ ಕೊಟ್ಟು, ಬಕಲ್ ಜೋಡಿಸಿದರು. ಪೂರ್ತಿ ಬಿಚ್ಚಿ ತೆಗೆಯುವ ಹಾಗೆ ಮಾಡಿ ಅಂತ ನಾನೇ ಕೇಳಿಕೊಂಡೆ. ಅದರಿಂದ ಮುಂದೆ ಒಂದು ದಿನ ಏನಾಯಿತು ಅಂತ ಹೇಳಲಿಕ್ಕೇ ಇದನ್ನು ಬರೆಯಲು ಕೂತದ್ದು.

ಅಪ್ಪ ಮೊದಲ ಎರಡು ವರ್ಷ ಕಾರಿಗೆ ಹತ್ತಲಿಲ್ಲ. ಮೊಣಕಾಲು ನೋವು, ಸೀಟು ಬಹಳ ತಗ್ಗು. ಮಾಡು ಹಾಕಿದ್ದರೆ ತಲೆ ಬಗ್ಗಿಸಿ, ಸೊಂಟ ತಿರುಗಿಸಿ ಒಳಗೆ ತೂರಬೇಕು. ಒಂದು ದಿನ ಮಾಡು ತೆಗೆದಿದ್ದಾಗ ಅವರೇ ಬಾಗಿಲು ತೆರೆದು, ಗಾಜಿನ ಚೌಕಟ್ಟು ಹಿಡಿದು, ನೆಟ್ಟಗೆ ನಿಂತು, ಹಾಗೇ ಕುರ್ಚಿಗೆ ಕೂರುವಂತೆ ಕೂತರು. ಆಮೇಲೆ ಕಾಲು ಒಳಗೆ ಎಳೆದುಕೊಂಡರು. "ಮಾಡಿಲ್ಲದಿದ್ದರೆ ಸುಲಭ," ಅಂದರು. ಬೇರೆಯವರು ಗಾಳಿಗೆ ಮಾಡು ತೆಗೆಯುತ್ತಾರೆ. ನಮ್ಮ ಮನೆಯಲ್ಲಿ ತೆಗೆಯುವುದು ಅಪ್ಪನ ಮೊಣಕಾಲಿಗೆ.

ಅಪ್ಪ ಮದ್ದಳೆ ನುಡಿಸುತ್ತಾರೆ. ಯಕ್ಷಗಾನ ಮೇಳದಲ್ಲಿ ಹೋದವರಲ್ಲ. ಸುತ್ತಮುತ್ತ ದೇವಸ್ಥಾನ, ಮನೆಗಳಲ್ಲಿ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ, ಇದ್ದರೆ ಕರೆಯುತ್ತಾರೆ. ಈಗ 79 ವರ್ಷ. ಬೆರಳಿಗೆ ಇನ್ನೂ ವಯಸ್ಸಾಗಿಲ್ಲ. ಮದ್ದಳೆಯನ್ನು ಡಿಕ್ಕಿಗೆ ಹಾಕಲು ಅವರು ಒಪ್ಪುವುದಿಲ್ಲ. ಹಳೆಯ ಪಂಚೆಯಲ್ಲಿ ಸುತ್ತಿ ಮಡಿಲಲ್ಲೇ ಇಟ್ಟುಕೊಳ್ಳುತ್ತಾರೆ. ದಾರಿಯುದ್ದಕ್ಕೂ ಬಟ್ಟೆಯ ಮೇಲೇ ಬೆರಳು ಆಡುತ್ತಿರುತ್ತದೆ. ಶಬ್ದ ಇಲ್ಲ, ಬರೀ ಲೆಕ್ಕ.

ಆ ದಿನ ಪತ್ತನಾಜೆ. ಮೇ 24. ಯಕ್ಷಗಾನದವರು ಗೆಜ್ಜೆ ಬಿಚ್ಚುವ ದಿನ, ದೈವಗಳ ಕೋಲ ನೇಮಗಳಿಗೆ ವಿರಾಮ. ನಮ್ಮ ಕಾಸರಗೋಡು ಜಿಲ್ಲೆಯಾದದ್ದೂ 1984ರ ಮೇ 24ಕ್ಕೇ. ನಾಯ್ಕಾಪು ಹತ್ತಿರ ಗುರುತಿನವರ ಮನೆಯಲ್ಲಿ ಸಂಜೆ ತಾಳಮದ್ದಳೆ ಇತ್ತು. ಆ ಮನೆಗೆ ಕೊಡಲಿಕ್ಕೆ ಎರಡು ಹಲಸಿನ ಹಣ್ಣು, ಒಂದು ಕಟ್ಟು ಬಾಳೆ ಎಲೆ. ಡಿಕ್ಕಿ ಅಷ್ಟಕ್ಕೇ ತುಂಬಿತು. ನಾನು ಮಾಡನ್ನು ಬಿಚ್ಚಿ ಜಗಲಿಯಲ್ಲಿ ಇಟ್ಟೆ. ಆಕಾಶ ತೊಳೆದ ಹಾಗೆ ಇತ್ತು.

"ಇವತ್ತು ಪತ್ತನಾಜೆ," ಅಪ್ಪ ಹೇಳಿದರು. "ಹತ್ತು ಹನಿಯಾದರೂ ಬೀಳದೆ ಇರುವುದಿಲ್ಲ."

ಅದು ತುಳುವರ ಹಳೆಯ ಮಾತು. ನಾನು ಮೋಡ ನೋಡಿದೆ, ಮಾತು ಕೇಳಲಿಲ್ಲ.

ಹೋಗುವಾಗ ಅಪ್ಪ ಒಂದು ಸಂಗತಿ ಹೇಳಿದರು. ಹದಿನಾಲ್ಕು ವರ್ಷದವರಿದ್ದಾಗ ಇದೇ ದಾರಿಯಲ್ಲಿ ತೆಂಗಿನ ಗರಿಯ ಸೂಟೆ, ಅಂದರೆ ಪಂಜು, ಬೀಸಿಕೊಂಡು ಕುಂಬಳೆಗೆ ಯಕ್ಷಗಾನ ಆಟ ನೋಡಲು ನಡೆದು ಹೋಗುತ್ತಿದ್ದರಂತೆ. ಸೂಟೆ ಮುಗಿಯುವಷ್ಟರಲ್ಲಿ ಚೆಂಡೆ ಕೇಳಿದರೆ ಸರಿ ದಾರಿ. ಕೇಳದಿದ್ದರೆ ದಾರಿ ತಪ್ಪಿದೆ ಅಂತ ಅರ್ಥ. ಮದ್ದಳೆ ಕಲಿಯಬೇಕು ಅಂತ ಅನಿಸಿದ್ದು ಹಾಗೆ ಕತ್ತಲೆಯಲ್ಲಿ ನಿಂತು ಕೇಳುತ್ತಿದ್ದಾಗ. ದೂರದಿಂದ ಚೆಂಡೆ ಮಾತ್ರ ಕೇಳುತ್ತದೆ, ಹತ್ತಿರ ಬಂದಂತೆ ಅದರ ಅಡಿಯಲ್ಲಿ ಮದ್ದಳೆ ಇದೆ ಅಂತ ಗೊತ್ತಾಗುತ್ತದೆ ಅಂದರು. ಐವತ್ತರ ಹತ್ತಿರ ಬಂದ ಮಗ ನಾನು, ಇದನ್ನು ಮೊದಲ ಸಲ ಕೇಳಿದ್ದು. ಹಿಂದಿನ ಕಾರಿನಲ್ಲಿ ಅಪ್ಪ ಯಾವಾಗಲೂ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಇದರಲ್ಲಿ ಹಿಂದೆ ಸೀಟೇ ಇಲ್ಲ.

ತಾಳಮದ್ದಳೆ ಮುಗಿದು ಊಟ ಆಗಿ ಹೊರಡುವಾಗ ಹತ್ತು ಗಂಟೆ. ಸೀತಾಂಗೋಳಿ ಕಳೆದದ್ದೇ ಬಾನೆಟ್ ಮೇಲೆ ಮೊದಲ ಹನಿ. ಫೈಬರ್ ಮೇಲೆ ಹನಿ ಬಿದ್ದರೆ ತಗಡಿನ ಸದ್ದಲ್ಲ, ಅಡಿಕೆ ಹಾಳೆಯ ಮೇಲೆ ಬಿದ್ದ ಹಾಗೆ ಮೆತ್ತಗೆ. ಅಪ್ಪ ಮದ್ದಳೆಯ ಮೇಲೆ ಬಗ್ಗಿದರು. ನಾನು ಬಸ್ ಸ್ಟ್ಯಾಂಡಿನ ಎದುರು ನಿಲ್ಲಿಸಿದೆ. ಅಪ್ಪನ ಕೈಯಿಂದ ಮದ್ದಳೆ ತಗೊಂಡು ಒಳಗೆ ಓಡಿದೆ. ಅವರು ಚೌಕಟ್ಟು ಹಿಡಿದು ನಿಧಾನಕ್ಕೆ ಎದ್ದು ಬಂದರು. ಹತ್ತು ಹನಿಯಲ್ಲ, ಸರಿಯಾಗಿಯೇ ಸುರಿಯಿತು. ಕಾರು ಬಾಯಿ ತೆರೆದುಕೊಂಡು ಮಳೆಯಲ್ಲಿ ನಿಂತಿತ್ತು. ನನಗೆ ಅಪ್ಪನ ಮುಖ ನೋಡಲು ಆಗಲಿಲ್ಲ.

ಮದ್ದಳೆಯ ಚರ್ಮಕ್ಕೆ ನೀರು ಬಿದ್ದರೆ ಕಷ್ಟ. ತೇವ ಹಿಡಿದರೂ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಪೂರ್ತಿ ನೆನೆದರೆ ಬಾಯಿಗೆ ಬಿಗಿದ ಚರ್ಮದ ಮುಚ್ಚಿಗೆಯೇ ಹೊಸದು ಮಾಡಿಸಬೇಕು.

ಅಷ್ಟರಲ್ಲಿ ಒಂದು ಆಟೋ ಬಂತು. ಬದಿಯಡ್ಕದ ಕಡೆ ಮನೆಗೆ ಹೋಗುತ್ತಿದ್ದ ಹುಡುಗ. ಅಪ್ಪ ತುಳುವಿನಲ್ಲಿ ಕೇಳಿದರು, ಅವನು ಮಲಯಾಳದಲ್ಲಿ ಹೇಳಿದ. ಇಬ್ಬರಿಗೂ ಅದರಲ್ಲಿ ವಿಶೇಷ ಏನೂ ಅನಿಸಲಿಲ್ಲ. ನಾನು ಅಪ್ಪನಿಗೆ ಆಟೋ ಹತ್ತಿ ಅಂದೆ. ಅವರು ಮದ್ದಳೆಯನ್ನು ಆಟೋದ ಸೀಟಿನ ನಡುವೆ ಮಲಗಿಸಿ, ಎರಡೂ ಬದಿಗೆ ಪಂಚೆ ಒತ್ತಿ, ಹುಡುಗನ ಹತ್ತಿರ ಬದಿಯ ಪರದೆ ಇಳಿಸಲು ಹೇಳಿ, ತಿರುಗಿ ಬಂದು ಕಾರಿನಲ್ಲಿ ಕೂತರು. ಒದ್ದೆ ಸೀಟಿನಲ್ಲಿ.

"ಅಪ್ಪಾ, ನೀವೂ ಅದರಲ್ಲೇ ಹೋಗಿ."

"ಮದ್ದಳೆ ನೆನೆದರೆ ಹೋಯಿತು. ನಾನು ನೆನೆದರೆ ಒರೆಸಿಕೊಂಡರಾಯಿತು. ನೀನೊಬ್ಬನೇ ಯಾಕೆ?"

ಮಳೆ ಸ್ವಲ್ಪ ಇಳಿದಿತ್ತು. ತೆರೆದ ಕಾರಿನಲ್ಲಿ ಓಡಿದಷ್ಟೂ ಒಳ್ಳೆಯದು. ಸ್ವಲ್ಪ ವೇಗ ಸಿಕ್ಕಿದರೆ ಎದುರಿನ ಗಾಜು ಗಾಳಿಯನ್ನು ಮೇಲೆ ಎತ್ತುತ್ತದೆ, ಸಣ್ಣ ಹನಿಗಳು ತಲೆಯ ಮೇಲಿಂದ ಹಾರಿ ಹಿಂದೆ ಬೀಳುತ್ತವೆ. ನಿಧಾನವಾದರೆ ಎಲ್ಲ ಮೈಮೇಲೆ. ಮುಂದೆ ಆಟೋ ಮೂವತ್ತರಲ್ಲಿ ಹೋಗುತ್ತಿತ್ತು. ನಾನು ಹಾರ್ನ್‌ಗೆ ಕೈ ಹಾಕಿದೆ.

"ಹಿಂದೆ ಹಾಕಬೇಡ," ಅಪ್ಪ ಹೇಳಿದರು. "ಅದು ಕಣ್ಣೆದುರು ಇರಲಿ."

ಹಾಗೇ ಹೋದೆವು. ಆಟೋದ ಹಿಂದಿನ ಪ್ಲಾಸ್ಟಿಕ್ ಕಿಟಕಿಯಲ್ಲಿ ನಮ್ಮ ಲೈಟಿಗೆ ಬಿಳಿ ಪಂಚೆಯ ಗಂಟು ಕಾಣುತ್ತಿತ್ತು. ಮಳೆ ಬೆಚ್ಚಗಿತ್ತು. ಕಾದಿದ್ದ ಡಾಂಬರಿನಿಂದ ಹಬೆ ಏಳುತ್ತಿತ್ತು. ಎರಡೂ ಕಡೆ ತೋಟಗಳಲ್ಲಿ ಕಪ್ಪೆಗಳು ಆಗಲೇ ಶುರು ಮಾಡಿದ್ದವು. ಅಪ್ಪ ತಲೆಗೆ ಹೆಗಲ ಬಟ್ಟೆ ಬೈರಾಸು ಸುತ್ತಿಕೊಂಡು ಮುಂದೆ ನೋಡುತ್ತಾ ಕೂತಿದ್ದರು. ಮಡಿಲಲ್ಲಿ ಮದ್ದಳೆ ಇರಲಿಲ್ಲ. ಬೆರಳು ಒದ್ದೆ ಮೊಣಕಾಲಿನ ಮೇಲೆ ಆಡುತ್ತಿತ್ತು.

ಆಟೋದ ಹುಡುಗ ಮದ್ದಳೆಯನ್ನು ಎತ್ತಿಕೊಂಡು ಜಗಲಿಯವರೆಗೆ ತಂದು ಇಟ್ಟ. ಬಾಡಿಗೆ ಕಮ್ಮಿ ಹೇಳಿದ, ನಾನು ಜಾಸ್ತಿ ಕೊಟ್ಟೆ. ಅಪ್ಪ ಬಟ್ಟೆ ಬದಲಿಸಲೂ ಹೋಗದೆ ಪಂಚೆ ಬಿಚ್ಚಿದರು. ಬೈರಾಸು ಹಿಂಡಿ ಕೈ ಒರೆಸಿಕೊಂಡು, ಬಲಬದಿಗೆ ಒಂದು ಪೆಟ್ಟು ಹಾಕಿ ಕಿವಿ ಕೊಟ್ಟರು. ಇನ್ನೊಂದು ಹಾಕಿದರು. ಒಳಗಿಂದ ಹೆಂಡತಿ, ಮಗಳು ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ಯಾರೂ ಮಾತಾಡಲಿಲ್ಲ.

"ಇಳಿಯಲಿಲ್ಲ," ಅಂದರು.

ಮರುದಿನ ಬೆಳಿಗ್ಗೆ ಕಾರಿನ ನೀರು ತೆಂಗಿನ ಗೆರಟೆಯಲ್ಲಿ ಮೊಗೆದು ಚೆಲ್ಲಿದೆ. ಮ್ಯಾಟುಗಳನ್ನು ಅಡಿಕೆ ಒಣಗಿಸುವ ಅಂಗಳದಲ್ಲಿ ಹರವಿದೆ. ಎರಡು ದಿನ ಬಿಟ್ಟು ಅಪ್ಪನನ್ನೂ ಮದ್ದಳೆಯನ್ನೂ ಕರೆದುಕೊಂಡು ಹುಡ್ ಹೊಲಿಯುವವರ ಹತ್ತಿರ ಹೋದೆ, ಈ ಸಲ ಮಾಡು ಹಾಕಿಕೊಂಡು. ಮಾಡು ಹೊಲಿದ ರೆಕ್ಸಿನ್ ಇನ್ನೂ ಒಂದೂವರೆ ಮೀಟರ್ ಉಳಿದಿತ್ತು. ಅವರು ಮದ್ದಳೆಯ ಸುತ್ತಳತೆ ತೆಗೆದರು, ನಡುವಿನ ಉಬ್ಬು ಬೇರೆ, ಎರಡು ಬಾಯಿ ಬೇರೆ. ಅಪ್ಪ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಒಳಗೆ ಮೆತ್ತನೆ ಬಟ್ಟೆ ಬೇಕು, ಬಾಯಿಗೆ ಎರಡು ಪದರ ಬೇಕು ಅಂತ ಹೇಳಿ ಹೇಳಿ ಹೊಲಿಸಿದರು. ಬಕಲ್ ಕೂಡ ಮಾಡಿಗೆ ಹಾಕಿದ್ದೇ.