ಬಟ್ಟೆ ಸುತ್ತಿದ ಗಂಟೆ

ದೇವಸ್ಥಾನದ ಬಾಗಿಲು ಮತ್ತೆ ತೆರೆದ ದಿನ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಗಂಟೆ. ಅದಕ್ಕೆ ಕೆಂಪು ಬಟ್ಟೆ ಸುತ್ತಿದ್ದರು. ನಾಲಿಗೆ ಅಲ್ಲಾಡದ ಹಾಗೆ ದಾರದಿಂದ ಬಿಗಿಯಾಗಿ ಕಟ್ಟಿದ್ದರು. ಅಭ್ಯಾಸ ನೋಡಿ, ಕೈ ತಾನಾಗಿ ಮೇಲೆ ಹೋಯಿತು. ಅರ್ಧಕ್ಕೇ ನಿಂತಿತು. ಎತ್ತಿದ ಕೈಯನ್ನು ಏನು ಮಾಡಬೇಕು ಅಂತ ಗೊತ್ತಾಗದೆ ಹಾಗೇ ಎದೆಗೆ ಒತ್ತಿಕೊಂಡೆ.

ಅವತ್ತು 2020ರ ಜೂನ್ 8, ಸೋಮವಾರ. ಆ ವರ್ಷ ಕೊರೊನಾ ರೋಗದ ಭಯಕ್ಕೆ ದೇಶಕ್ಕೆ ಬೀಗ ಬಿದ್ದದ್ದು ಮಾರ್ಚ್ 25ರಂದು. ಅದೇ ದಿನ ಯುಗಾದಿ. ಆಮೇಲೆ ರಾಮನವಮಿ ಬಂತು, ಈಸ್ಟರ್ ಬಂತು, ರಂಜಾನಿನ ಇಡೀ ತಿಂಗಳು ಬಂತು. ಎಲ್ಲವೂ ಮನೆಯ ನಾಲ್ಕು ಗೋಡೆಯ ಒಳಗೇ ನಡೆದವು. ಅರ್ಚಕರು ಒಳಗೆ ನಿತ್ಯಪೂಜೆ ಮಾಡುತ್ತಿದ್ದರು, ದೀಪ ಆರಿರಲಿಲ್ಲ. ಆದರೆ ನೋಡುವ ಕಣ್ಣುಗಳು ಹೊರಗೆ ಉಳಿದವು.

ಎರಡೂವರೆ ತಿಂಗಳು ಎಲ್ಲ ಧರ್ಮದವರೂ ಸರ್ಕಾರವನ್ನು ಕೇಳಿದ್ದು ಒಂದೇ: ಯಾವಾಗ ತೆರೀತೀರಿ? ತೆರೆದರೆ ಹೇಗೆ ನಡ್ಕೋಬೇಕು, ಹೇಳಿ. ನನಗೆ ಆ ಎರಡನೇ ಪ್ರಶ್ನೆ ಬಹಳ ಹಿಡಿಸಿತು. ತೀರ್ಥ ಕೊಡಬಹುದಾ? ಗಂಟೆ ಮುಟ್ಟಬಹುದಾ? ಚಾಪೆ ಹಾಸಿ ಒಟ್ಟಿಗೆ ನಮಾಜು ಮಾಡಬಹುದಾ? ಭಜನೆ ಹಾಡಬಹುದಾ? ಮದ್ಯಸಾರ ಇರೋ ಸ್ಯಾನಿಟೈಸರನ್ನು ಗುಡಿಯ ಬಾಗಿಲಲ್ಲಿ ಇಡೋದು ಸರಿಯಾ? ಹೊರಗಿನವರಿಗೆ ಇವು ಸಣ್ಣ ವಿಷಯ ಅನ್ನಿಸಬಹುದು. ಆದರೆ ಭಕ್ತಿ ಅನ್ನೋದು ಬರೀ ಮನಸ್ಸಿನಲ್ಲಿ ನಡೆಯುವುದಿಲ್ಲ. ಅದಕ್ಕೆ ಕೈ ಬೇಕು, ನಾಲಿಗೆ ಬೇಕು, ಹಣೆ ಬೇಕು, ಕಂಠ ಬೇಕು. ರೋಗ ಹರಡುತ್ತಿದ್ದದ್ದೂ ಇದೇ ಕೈಯಿಂದ, ಇದೇ ಉಸಿರಿನಿಂದ. ಹಾಗಾಗಿ ಒಬ್ಬೊಬ್ಬರ ಪ್ರಶ್ನೆಯೂ ಅವರವರಿಗೆ ಅತಿ ಪ್ರೀತಿಯ ಜಾಗವನ್ನೇ ಮುಟ್ಟುತ್ತಿತ್ತು.

ಉತ್ತರ ಬಂದದ್ದು ಜೂನ್ 4ರಂದು. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯನ್ನು ನಾನು ಫೋನಿನಲ್ಲಿ ಎರಡು ಸಲ ಓದಿದೆ. ಆರು ಅಡಿ ಅಂತರ. ಮುಖಕ್ಕೆ ಮಾಸ್ಕ್. ಚಪ್ಪಲಿ ಆದಷ್ಟೂ ಸ್ವಂತ ಗಾಡಿಯಲ್ಲೇ ಬಿಡಿ. ವಿಗ್ರಹವನ್ನಾಗಲಿ, ಧರ್ಮಗ್ರಂಥವನ್ನಾಗಲಿ ಮುಟ್ಟಬೇಡಿ. ಎಲ್ಲರೂ ಬಳಸುವ ಪ್ರಾರ್ಥನೆಯ ಚಾಪೆ ಬೇಡ, ಅವರವರದು ಅವರವರೇ ತರಲಿ. ಪ್ರಸಾದ ಹಂಚಬೇಡಿ, ತೀರ್ಥ ಕೊಡಬೇಡಿ, ಪ್ರೋಕ್ಷಣೆ ಮಾಡಬೇಡಿ. ಧ್ವನಿಮುದ್ರಿತ ಭಕ್ತಿಗೀತೆ ಹಾಕಬಹುದು, ಗುಂಪಾಗಿ ಹಾಡುವಂತಿಲ್ಲ. ಸರ್ಕಾರಿ ಕಾಗದದ ಭಾಷೆ ಎಂದಿನ ಹಾಗೆ ಒಣಗಿತ್ತು. ಆದರೂ ದೇವಸ್ಥಾನ, ಮಸೀದಿ, ಚರ್ಚು, ಗುರುದ್ವಾರ ಎಲ್ಲದಕ್ಕೂ ಒಂದೇ ಕಾಗದ, ಒಂದೇ ನಿಯಮ ಅನ್ನೋದು ನೋಡಿ ನನಗೆ ಏನೋ ಒಂದು ಸಮಾಧಾನವಾಯಿತು. ಚಾಪೆ ಬಿಟ್ಟವರ ಸಂಕಟವೂ ತೀರ್ಥ ಬಿಟ್ಟವರ ಸಂಕಟವೂ ಅಕ್ಕಪಕ್ಕದ ಸಾಲಿನಲ್ಲಿ ಕೂತಿದ್ದವು.

ಇದು ನಮ್ಮೊಬ್ಬರ ಪಾಡೂ ಆಗಿರಲಿಲ್ಲ. ಇಟಲಿಯ ಚರ್ಚುಗಳಲ್ಲಿ ಜನ ಸೇರಿ ಮಾಡುವ ಬಲಿಪೂಜೆ, ಅಂದರೆ ಮಾಸ್, ಮಾರ್ಚಿನಲ್ಲೇ ನಿಂತಿತ್ತು. ಏಪ್ರಿಲ್ 26ರಂದು ಸರ್ಕಾರ ಬೇರೆ ಕೆಲವನ್ನು ತೆರೆಯುವ ಮಾತಾಡಿತು, ಪೂಜೆಯ ಬಗ್ಗೆ ಸುಮ್ಮನಿತ್ತು. ಅಲ್ಲಿನ ಬಿಷಪ್‌ಗಳು ನೊಂದು ಬಹಿರಂಗವಾಗಿಯೇ ಆಕ್ಷೇಪ ಎತ್ತಿದರು. ಎರಡು ದಿನ ಬಿಟ್ಟು ಪೋಪ್ ಫ್ರಾನ್ಸಿಸ್ ಬೆಳಗಿನ ಪೂಜೆಯಲ್ಲಿ ಬೇಡಿಕೊಂಡದ್ದು ಬೇರೆ: ರೋಗ ಮರಳಿ ಬಾರದ ಹಾಗೆ ಜನಕ್ಕೆ ವಿವೇಕವನ್ನೂ ನಿಯಮ ಪಾಲಿಸುವ ಮನಸ್ಸನ್ನೂ ಕೊಡು ಅಂತ. ಮಾರ್ಚ್ 27ರ ಸಂಜೆ ಮಳೆಯಲ್ಲಿ, ಒಂದು ನರಪಿಳ್ಳೆಯೂ ಇಲ್ಲದ ಸಂತ ಪೇತ್ರರ ಚೌಕದಲ್ಲಿ ನಿಂತು ಪ್ರಾರ್ಥಿಸಿದವರು ಅವರು. ಅದಕ್ಕೇ ಆ ಮಾತಿಗೆ ತೂಕ ಬಂತು ಅನ್ನಿಸುತ್ತದೆ. ಕೊನೆಗೆ ಮೇ 7ರಂದು ಸರ್ಕಾರ ಮತ್ತು ಚರ್ಚು ಕೂತು ಒಪ್ಪಂದಕ್ಕೆ ಸಹಿ ಹಾಕಿದರು. ಮೇ 18ರಿಂದ ಬಾಗಿಲು ತೆರೆಯಿತು. ಪಾದ್ರಿ ಮಾಸ್ಕ್ ಹಾಕಿ, ಕೈಗವಸು ತೊಟ್ಟು ಪರಮಪ್ರಸಾದ, ಅಂದರೆ ಪೂಜೆಯ ರೊಟ್ಟಿ, ಕೊಡಬೇಕು. ಬಾಗಿಲ ಬಳಿಯ ಪವಿತ್ರ ಜಲದ ಬಟ್ಟಲು ಖಾಲಿಯೇ ಇರಬೇಕು.

ಅಲ್ಲೂ ನೀರು ಇಲ್ಲ, ಇಲ್ಲೂ ನೀರು ಇಲ್ಲ. ಓದಿದಾಗ ಕಣ್ಣು ತುಂಬಿತು.

ಹಜ್ ಕಥೆ ಇನ್ನೂ ದೊಡ್ಡದು. 2019ರಲ್ಲಿ ಸುಮಾರು 25 ಲಕ್ಷ ಜನ ಮಾಡಿದ್ದ ಯಾತ್ರೆ. 2020ರಲ್ಲಿ ಹೊರದೇಶದಿಂದ ಒಬ್ಬರಿಗೂ ಪ್ರವೇಶವಿರಲಿಲ್ಲ. ಸೌದಿಯ ಒಳಗಿದ್ದವರಲ್ಲೇ ಕೆಲವರನ್ನು ಆರಿಸಿದರು. ಮೆಕ್ಕಾದ ಪವಿತ್ರ ಕಟ್ಟಡ ಕಾಬಾವನ್ನು ಮುಟ್ಟುವಂತಿರಲಿಲ್ಲ. ಸೈತಾನನಿಗೆ ಎಸೆಯುವ ಕಲ್ಲುಗಳನ್ನು ಶುದ್ಧಮಾಡಿ ಪೊಟ್ಟಣ ಕಟ್ಟಿ ಕೊಟ್ಟರು. ಜೀವಮಾನವಿಡೀ ದುಡ್ಡು ಕೂಡಿಟ್ಟು ಆ ವರ್ಷಕ್ಕೆ ಕಾದಿದ್ದ ಮುದುಕರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಹೋಗಿ ಬಂದವರ ಪುಣ್ಯದಲ್ಲಿ, ಹೋಗಲಾರದೆ ಸುಮ್ಮನೆ ಮನೆಯಲ್ಲಿ ಕೂತವರಿಗೂ ಪಾಲು ಇರಲೇಬೇಕು. ನನ್ನ ನಂಬಿಕೆ ಇದು.

ಎಲ್ಲ ನಿಯಮಗಳಲ್ಲಿ ನನಗೆ ಜಾಸ್ತಿ ಕಷ್ಟವಾದದ್ದು ಹಾಡಬೇಡಿ ಅನ್ನೋದು. ಮುಟ್ಟಬೇಡಿ ಅಂದರೆ ಒಪ್ಪಬಹುದು. ಆದರೆ ದೇವರ ಮುಂದೆ ಬಾಯಿ ಮುಚ್ಚಿಕೊಂಡಿರಿ ಅಂದರೆ? ಸಿಟ್ಟೇ ಬಂದಿತ್ತು. ಆಮೇಲೆ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆದದ್ದನ್ನು ಓದಿದೆ. 2020ರ ಮಾರ್ಚ್ 10ರ ಸಂಜೆ ಒಂದು ಗಾಯನ ತಂಡ ಅಭ್ಯಾಸಕ್ಕೆ ಸೇರಿತ್ತು. ಒಟ್ಟು 61 ಜನ, ಎರಡೂವರೆ ಗಂಟೆ. ಅವರಲ್ಲಿ ಒಬ್ಬರಿಗೆ ಮೊದಲೇ ಸೋಂಕಿನ ಲಕ್ಷಣ ಇತ್ತು. ಆಮೇಲೆ ಇನ್ನೂ 52 ಜನ ಕಾಯಿಲೆ ಬಿದ್ದರು. ಇಬ್ಬರು ತೀರಿಕೊಂಡರು. ಯಾರೂ ತಪ್ಪು ಮಾಡಲಿಲ್ಲ, ಹಾಡಿದರು ಅಷ್ಟೇ. ಹಾಡುವಾಗ ಉಸಿರು ದೂರ ಹೋಗುತ್ತದೆ, ಉಸಿರಿನ ಜೊತೆ ಕಣ್ಣಿಗೆ ಕಾಣದ ಹನಿಗಳೂ ಹೋಗುತ್ತವೆ. ಇದನ್ನು ಓದಿದ ಮೇಲೆ ಸಿಟ್ಟು ಇಳಿಯಿತು. ಅವತ್ತು ಗುಡಿಯಲ್ಲಿ ಮಾಸ್ಕಿನ ಒಳಗೆ ತುಟಿ ಮಾತ್ರ ಆಡಿಸಿದೆ. ನನ್ನ ಮುಂದೆ ನಿಂತಿದ್ದ ಹೆಂಗಸಿನ ಭುಜವೂ ತಾಳಕ್ಕೆ ತಕ್ಕ ಹಾಗೆ ಮೆಲ್ಲಗೆ ಅಲುಗುತ್ತಿತ್ತು. ಅವರೂ ಒಳಗೇ ಹಾಡುತ್ತಿದ್ದರು ಅಲ್ವಾ?

ಒಪ್ಪಿಗೆ ಕೇಳುವುದು ಅಂದರೆ ಎಷ್ಟು ಕಷ್ಟ ಅಂತ ಪುರಿಯ ರಥಯಾತ್ರೆ ತೋರಿಸಿತು. ಜೂನ್ 18ರಂದು ಸುಪ್ರೀಂ ಕೋರ್ಟ್ ಯಾತ್ರೆಗೆ ತಡೆ ಕೊಟ್ಟಿತು. ಇದಕ್ಕೆ ಅವಕಾಶ ಕೊಟ್ಟರೆ ಜಗನ್ನಾಥನೇ ನಮ್ಮನ್ನು ಕ್ಷಮಿಸುವುದಿಲ್ಲ ಅಂತ ನ್ಯಾಯಪೀಠ ಹೇಳಿತು. ಭಕ್ತರು ಮತ್ತೆ ಹೋಗಿ ಬೇಡಿಕೊಂಡರು. 22ರಂದು ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಊರಿಗೆಲ್ಲ ಕರ್ಫ್ಯೂ. ಒಂದು ರಥಕ್ಕೆ 500 ಜನಕ್ಕಿಂತ ಹೆಚ್ಚಿಲ್ಲ, ಎಲ್ಲರಿಗೂ ಪರೀಕ್ಷೆ ಆಗಿರಬೇಕು. ಒಂದು ರಥ ಹೊರಟು ಒಂದು ಗಂಟೆಯಾದ ಮೇಲೆ ಇನ್ನೊಂದು. 23ರಂದು ಟಿವಿಯಲ್ಲಿ ನೋಡಿದೆ. ಲಕ್ಷಗಟ್ಟಲೆ ಜನ ತುಂಬುವ ಬಡಾ ದಂಡಾ ಬೀದಿ ಖಾಲಿ. ಅದರ ನಡುವೆ ರಥ ಬರುತ್ತಿತ್ತು. ಬೇಡ ಅಂದವರೂ ದೇವರ ಹೆಸರಲ್ಲೇ ಅಂದರು, ಬೇಕು ಅಂದವರೂ ದೇವರ ಹೆಸರಲ್ಲೇ ಕೇಳಿದರು. ಇಬ್ಬರ ಭಯವೂ ನನಗೆ ನಿಜ ಅನ್ನಿಸಿತು.

ಕೆಲವರು ಹೇಳುತ್ತಿದ್ದರು, ದೇವರನ್ನು ನಂಬಿದವನು ಸರ್ಕಾರವನ್ನು ಯಾಕೆ ಕೇಳಬೇಕು ಅಂತ. ನಾನು ಇದನ್ನು ಒಪ್ಪುವುದಿಲ್ಲ. ನನ್ನ ಒಬ್ಬನ ಜೀವವಾದರೆ ನಾನೇ ತೀರ್ಮಾನ ಮಾಡಬಹುದು. ಸಾಲಿನಲ್ಲಿ ನನ್ನ ಹಿಂದೆ ನಿಂತವರ ಜೀವವನ್ನು ನನ್ನ ನಂಬಿಕೆಯ ಮೇಲೆ ಪಣ ಇಡುವ ಹಕ್ಕು ನನಗೆ ಯಾರು ಕೊಟ್ಟರು? ವ್ರತ ಹಿಡಿದಾಗ ಊಟ ಬಿಡುತ್ತೇವೆ, ನಿದ್ದೆ ಬಿಡುತ್ತೇವೆ. ಆ ವರ್ಷ ತೀರ್ಥ ಬಿಟ್ಟೆವು. ನಾನು ಅದನ್ನೂ ವ್ರತ ಅಂತಲೇ ಎಣಿಸಿದೆ.

ಮಾರ್ಗಸೂಚಿಯಲ್ಲಿ ಇನ್ನೊಂದು ಸಾಲಿತ್ತು. 65 ದಾಟಿದವರು, ಬೇರೆ ಕಾಯಿಲೆ ಇರುವವರು, ಗರ್ಭಿಣಿಯರು, 10 ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರುವುದು ಒಳ್ಳೆಯದು. ಅಮ್ಮನಿಗೆ ಆಗ 71. ನಮ್ಮ ಮನೆಯಲ್ಲಿ ತಪ್ಪದೆ ಗುಡಿಗೆ ಹೋಗುತ್ತಿದ್ದವಳು ಅವಳೊಬ್ಬಳೇ. ಬಾಗಿಲು ತೆರೆಯಿತು, ಆದರೆ ಅವಳಿಗಲ್ಲ.

ನಾನು ವಾಪಸ್ ಬಂದಾಗ ಬಾಗಿಲಲ್ಲೇ ಕೂತಿದ್ದಳು.

"ಗಂಟೆ ಹೊಡೆದ್ಯಾ?"

"ಕಟ್ಟಿಬಿಟ್ಟಿದಾರಮ್ಮ. ಬಟ್ಟೆ ಸುತ್ತಿ."

ಒಂದು ಕ್ಷಣ ಸುಮ್ಮನಿದ್ದಳು. "ಸರಿ ಬಿಡು. ದೇವರು ಹೇಗಿದ್ದ ಹೇಳು. ಪಾದದಿಂದ ಶುರು ಮಾಡು."

ಕಣ್ಣು ಮುಚ್ಚಿ ಕೈ ಮುಗಿದು ಕೂತಳು. ನಾನು ಹೇಳತೊಡಗಿದೆ. ಪಾದದ ಹತ್ತಿರ ತುಳಸಿ. ಹಳದಿ ರೇಷ್ಮೆ. ಎದೆಯ ಮೇಲೆ ಎರಡು ಎಳೆ ಮಲ್ಲಿಗೆ. ಹಣೆಯಲ್ಲಿ ಗಂಧ.

"ಕಿರೀಟದ ಮೇಲೆ ಯಾವ ಹೂವು?"

ನೆನಪಾಗಲಿಲ್ಲ. ಅಂತರದ ಗುರುತು ನೋಡಿ ನಿಲ್ಲುವುದರಲ್ಲಿ, ಹಿಂದಿನವರಿಗೆ ಜಾಗ ಬಿಡುವ ಅವಸರದಲ್ಲಿ, ಅಲ್ಲಿವರೆಗೆ ನಾನು ಕಣ್ಣೆತ್ತಿಯೇ ಇರಲಿಲ್ಲ. ಗೊತ್ತಿಲ್ಲಮ್ಮ ಅಂದೆ. ಅವಳು ಬೇಜಾರು ತೋರಿಸಲಿಲ್ಲ. ಕಣ್ಣು ತೆರೆಯದೆ ಹಾಗೇ ಕೂತಿದ್ದಳು, ಯಾರೋ ಬರುವುದು ಬಾಕಿ ಇದೆ ಅನ್ನುವ ಹಾಗೆ.

ಮಾರನೇ ದಿನ ಬಾಗಿಲು ತೆರೆಯುವ ಹೊತ್ತಿಗೇ ಹೋದೆ. ಗಂಟೆಯ ಕಡೆ ಕೈ ಹೋಗಲಿಲ್ಲ. ಗುರುತು ಹಾಕಿದ ವೃತ್ತದೊಳಗೆ ನಿಂತು, ಪಾದದಿಂದ ಶುರು ಮಾಡಿ ನಿಧಾನವಾಗಿ ಮೇಲೆ ನೋಡುತ್ತಾ ಹೋದೆ. ಕಿರೀಟದ ಮೇಲೆ ಒಂದೇ ಒಂದು ಕೆಂಪು ದಾಸವಾಳ ಇತ್ತು.