28 ಬೈಟ್‌ಗಳ ಕಾಟ: ‘ತೆರೆ’ ಕಮಾಂಡ್ ಎಲ್ಲಿಗೆ ಬಂತು

ಕೊನೆಗೂ ಆಯ್ತು. ಎಕ್ಸ್‌ಟೆನ್ಷನ್ (ಹೆಸರಿನ ಕೊನೆಯ ಡಾಟ್ ಗಂಟು) ಕಿತ್ತುಹಾಕಿದ ‘ಗಂಟು’ ಫೈಲ್, ಅಂದರೆ ನನ್ನದೇ ಫಾರ್ಮ್ಯಾಟ್‌ನ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಈಗ ಜಿಪ್ ಬಿಚ್ಚುವ ಆರ್ಕೈವ್ ಮ್ಯಾನೇಜರ್ ಓಡಿ ಬರುವುದಿಲ್ಲ, ನನ್ನದೇ ವ್ಯೂವರ್ ತೆರೆದುಕೊಳ್ಳುತ್ತದೆ. ಇಷ್ಟಕ್ಕೇ ಇಷ್ಟು ಸಂಭ್ರಮವಾ ಅನ್ನುವವರು ಒಮ್ಮೆ ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಸ್ವಂತದ್ದೊಂದು ಫೈಲ್ ಟೈಪ್ ಮಾಡಿ ನೋಡಿ, ಆಮೇಲೆ ಮಾತಾಡೋಣ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ‘ತೆರೆ’ ನಾನು ಬರೆಯುತ್ತಿರುವ ಕಮಾಂಡ್. ಯಾವ ಫೈಲ್ ಕೊಟ್ಟರೂ ಅದರ ಮೈಮ್ ಟೈಪ್ (ಫೈಲ್ ಯಾವ ಬಗೆಯದು ಅಂತ ಹೇಳುವ ಹೆಸರು) ನೋಡಿ ತಕ್ಕ ಪ್ರೋಗ್ರಾಂಗೆ ದಾಟಿಸುತ್ತದೆ. ಇದೇ ಕೆಲಸಕ್ಕೆ ಲಿನಕ್ಸ್‌ನಲ್ಲಿ ಎಕ್ಸ್‌ಡಿಜಿ-ಓಪನ್ ಕಮಾಂಡ್ ಇದೆಯಲ್ಲ ಅಂತೀರಾ? ಇದೆ. ಆದರೆ ಅದಕ್ಕೆ ಗೊತ್ತಿರುವುದು ತೆರೆಯೋದೊಂದೇ. ನನಗೆ ಒಂದೇ ಟೈಪ್‌ಗೆ ನೋಡು, ತಿದ್ದು, ಪ್ರಿಂಟ್ ಮಾಡು ಅಂತ ಬೇರೆ ಬೇರೆ ಕಮಾಂಡ್ ಬೇಕು. ‘ಗಂಟು’ ನನ್ನದೇ ಫಾರ್ಮ್ಯಾಟ್: ಒಂದು ಟಿಪ್ಪಣಿ, ಅದರ ಆಡಿಯೋ, ಒಂದೆರಡು ಚಿತ್ರ, ಎಲ್ಲ ಸೇರಿಸಿ ಜಿಪ್ ಮಾಡಿದ್ದು. ಡೆಸ್ಕ್‌ಟಾಪ್ ಫೈಲ್ (ಒಂದು ಪ್ರೋಗ್ರಾಂ ಯಾವ ಟೈಪ್‌ಗಳನ್ನು ತೆರೆಯುತ್ತೆ ಅಂತ ಹೇಳುವ ಫೈಲ್) ಬರೆಯೋದು, ಮೈಮ್‌ಆ್ಯಪ್ಸ್ ಲಿಸ್ಟ್‌ಗೆ (ಯಾವ ಟೈಪ್‌ಗೆ ಯಾವ ಪ್ರೋಗ್ರಾಂ ಅನ್ನುವ ಪಟ್ಟಿ) ಸೇರಿಸೋದು, ಡೇಟಾಬೇಸ್ ಅಪ್‌ಡೇಟ್ ಮಾಡೋದು ನಿಮಗೆಲ್ಲ ಗೊತ್ತಿರುವುದೇ, ಬಿಡಿ.

ಹೆಸರಿನ ಕೊನೆಗೆ ಡಾಟ್ ಗಂಟು ಇರುವ ತನಕ ಏನೂ ತಕರಾರಿಲ್ಲ. ಫೈಲ್‌ನ ಟೈಪ್ ಗುರುತಿಸುವ ನಿಯಮಗಳ ಡೇಟಾಬೇಸ್, ಶೇರ್ಡ್ ಮೈಮ್ ಇನ್ಫೋ, ಮೊದಲು ನೋಡೋದೇ ಹೆಸರನ್ನು. ಅಲ್ಲಿ ಗೊತ್ತಾಗದಿದ್ದರೆ, ಅಥವಾ ಒಂದಕ್ಕಿಂತ ಜಾಸ್ತಿ ಉತ್ತರ ಬಂದರೆ ಮಾತ್ರ ಫೈಲ್ ಒಳಗೆ ಇಣುಕುತ್ತದೆ. ಆದರೆ ಮೇಲ್‌ನಲ್ಲೋ ಚಾಟ್‌ನಲ್ಲೋ ಒಂದು ಸುತ್ತು ಹೋಗಿ ಬಂದ ಫೈಲ್‌ಗಳ ಹೆಸರು ಹೇಗಿರುತ್ತೆ ಅಂತ ಕೇಳಲೇಬೇಡಿ. ಎಕ್ಸ್‌ಟೆನ್ಷನ್ ಮಾಯ. ಒಳಗೆ ನೋಡಿದರೆ ಮೊದಲ ಎರಡು ಅಕ್ಷರ ಪಿಕೆ. 1989ರಲ್ಲಿ ಪಿಕೆಜಿಪ್ ತಂದ ಫಿಲ್ ಕಾಟ್ಜ್ ಅವರ ಇನಿಷಿಯಲ್ ಅದು, ಇವತ್ತಿಗೂ ಡಾಕ್‌ಎಕ್ಸ್, ಒಡಿಟಿ, ಇಪಬ್, ಜಾರ್, ಎಪಿಕೆ ಎಲ್ಲದರ ತಲೆಯ ಮೇಲೂ ಕೂತಿದೆ. ಹಾಗಾಗಿ ನನ್ನ ಗಂಟೂ ‘ಜಿಪ್’ ಅಷ್ಟೇ.

ಇದಕ್ಕೆ ಒಡಿಟಿ ಮತ್ತು ಇಪಬ್‌ನವರು ಜಾಣತನದ ದಾರಿ ಮಾಡಿಕೊಂಡಿದ್ದಾರೆ. ಜಿಪ್ ಒಳಗಿನ ಮೊಟ್ಟಮೊದಲ ಫೈಲ್‌ನ ಹೆಸರು ‘ಮೈಮ್‌ಟೈಪ್’ ಅಂತಲೇ ಇರಬೇಕು, ಅದನ್ನು ಕಂಪ್ರೆಸ್ ಮಾಡಬಾರದು. ಜಿಪ್‌ನಲ್ಲಿ ಪ್ರತಿ ಫೈಲ್‌ನ ಮುಂದೆ ಬರುವ ಲೋಕಲ್ ಹೆಡರ್ 30 ಬೈಟ್. ಅದರ ಬೆನ್ನಿಗೆ ಫೈಲ್ ಹೆಸರು, 8 ಅಕ್ಷರ. ಅಂದರೆ 38ನೇ ಆಫ್‌ಸೆಟ್‌ನಿಂದ (ಆಫ್‌ಸೆಟ್ ಅಂದರೆ ಫೈಲ್ ಶುರುವಿನಿಂದ ಎಣಿಸಿದ ಬೈಟ್ ಜಾಗ) ಟೈಪ್‌ನ ಹೆಸರು ನೇರವಾಗಿ ಓದಲು ಸಿಗುತ್ತದೆ, ಜಿಪ್ ಬಿಚ್ಚುವ ಅಗತ್ಯವೇ ಇಲ್ಲ. ನಾನೂ ಅದನ್ನೇ ಮಾಡಿದೆ. ಗಂಟನ್ನು ಗುರುತಿಸುವ ನಿಯಮ ಬರೆಯುವ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಮೂರು ಮ್ಯಾಚ್, ಒಂದರೊಳಗೊಂದು: 0ಯಲ್ಲಿ ಪಿಕೆ, 30ರಲ್ಲಿ ಮೈಮ್‌ಟೈಪ್, 38ರಲ್ಲಿ ಅಪ್ಲಿಕೇಷನ್/ಎಕ್ಸ್-ಗಂಟು. ಜಿಪ್ ಕಮಾಂಡ್‌ಗೆ ಸೊನ್ನೆ ಆಪ್ಷನ್ ಕೊಟ್ಟು ಕಂಪ್ರೆಷನ್ ಬೇಡ ಅಂದೆ.

ಡಬಲ್ ಕ್ಲಿಕ್. ಆರ್ಕೈವ್ ಮ್ಯಾನೇಜರ್ ಹಾಜರ್.

ಫೈಲ್ ಒಳಗಿನ ಬೈಟ್ ನೋಡಿ ಗುರುತಿಸುವ ಇಂಥ ನಿಯಮಕ್ಕೆ ‘ಮ್ಯಾಜಿಕ್’ ಅಂತಾರೆ. ಅದರ ಪ್ರಯಾರಿಟಿ ಸುಮ್ಮನಿದ್ದರೆ 50, ಅದನ್ನು 90ಕ್ಕೆ ಏರಿಸಿದೆ. ಲಾಗೌಟ್ ಮಾಡಿ ಬಂದೆ. ಏನೂ ಇಲ್ಲ. ಇದರ ಮೇಲೆ, ಟೈಪ್ ಹೇಳುವ ಒಂದೊಂದು ಕಮಾಂಡ್‌ನ ಉತ್ತರ ಒಂದೊಂದು ಥರ. ‘ಫೈಲ್’ ಕಮಾಂಡ್‌ಗೆ ಅದರದ್ದೇ ಮ್ಯಾಜಿಕ್ ಡೇಟಾಬೇಸ್ ಇದೆ, ನಾವು ಕಷ್ಟಪಟ್ಟು ಬರೆದ ಎಕ್ಸ್‌ಎಂಎಲ್ ಕಡೆ ಅದು ಕಣ್ಣೆತ್ತಿಯೂ ನೋಡುವುದಿಲ್ಲ. ಎಕ್ಸ್‌ಡಿಜಿ-ಮೈಮ್ ಅಂತೂ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿದ್ದರೆ ಅದರ ಫೈಲ್ ಲೈಬ್ರರಿ ಜಿಐಒನನ್ನು ಕೇಳುತ್ತದೆ, ಬರೀ ವಿಂಡೋ ಮ್ಯಾನೇಜರ್ ಓಡಿಸುತ್ತಿದ್ದರೆ ಹೋಗಿ ‘ಫೈಲ್’ ಕಮಾಂಡನ್ನೇ ಕೇಳಿಬಿಡಬಹುದು. ಒಂದೇ ಫೈಲ್, ಒಂದೇ ಮಷೀನ್, ಲಾಗಿನ್ ಬದಲಾದರೆ ಉತ್ತರವೂ ಬದಲು! ಇಂಥದ್ದನ್ನು ಪರೀಕ್ಷೆ ಮಾಡುವಾಗ ‘ಜಿಐಒ ಇನ್ಫೋ’ ಕಮಾಂಡ್ ಒಂದನ್ನೇ ನಂಬಿ, ಉಳಿದವರನ್ನು ಕೇಳಲೇಬೇಡಿ ಅನ್ನೋದು ನನ್ನ ಅಭಿಪ್ರಾಯ.

ಆಮೇಲೆ ಒಂದು ಇಪಬ್ ಮತ್ತು ನನ್ನ ಗಂಟು ಎರಡನ್ನೂ ಹೆಕ್ಸ್‌ಡಂಪ್ ಮಾಡಿ (ಒಂದೊಂದು ಬೈಟನ್ನೂ ಹದಿನಾರರ ಎಣಿಕೆಯಲ್ಲಿ ಬರೆಸಿ) ಅಕ್ಕಪಕ್ಕ ಇಟ್ಟೆ. 30ರಲ್ಲಿ ಮೈಮ್‌ಟೈಪ್, ಎರಡರಲ್ಲೂ ಸರಿ. ಇಪಬ್‌ನಲ್ಲಿ ಅದಕ್ಕೆ ಅಂಟಿಕೊಂಡೇ ಟೈಪ್ ಶುರು. ನನ್ನದರಲ್ಲಿ ಮಾತ್ರ ಮಧ್ಯೆ ದೊಡ್ಡಕ್ಷರದಲ್ಲಿ ‘ಯುಟಿ’, ಒಂದಷ್ಟು ಕಸ, ಚಿಕ್ಕಕ್ಷರದಲ್ಲಿ ‘ಯುಎಕ್ಸ್’, ಮತ್ತಷ್ಟು ಕಸ. ಅದೆಲ್ಲ ಮುಗಿದ ಮೇಲೆ, 66ರಲ್ಲಿ, ಅಪ್ಲಿಕೇಷನ್/ಎಕ್ಸ್-ಗಂಟು ಪಾಪದ ಹಾಗೆ ಕೂತಿದೆ.

ಜಿಪ್ ಕಮಾಂಡ್ ಕೇಳದೇ ಕೊಟ್ಟ ಉಡುಗೊರೆ ಅದು. ಮೊದಲನೆಯದು ಫೈಲ್‌ನ ಟೈಮ್‌ಸ್ಟಾಂಪ್, 13 ಬೈಟ್. ಎರಡನೆಯದು ಯೂಸರ್ ಮತ್ತು ಗ್ರೂಪ್ ನಂಬರ್, 15 ಬೈಟ್. ಒಟ್ಟು 28. ಹೆಡರ್‌ನಲ್ಲಿ ಈ ಎಕ್ಸ್‌ಟ್ರಾ ಫೀಲ್ಡ್‌ನ ಉದ್ದ ಬರೆದಿಡುವ ಜಾಗದ ಆಫ್‌ಸೆಟ್ಟೂ 28, ಅಲ್ಲಿ ಹೆಕ್ಸ್‌ನಲ್ಲಿ 1ಸಿ 00 ಅಂತಿತ್ತು, ಅಂದರೆ ಮತ್ತೆ 28. ಹೆಕ್ಸ್ ನೋಡಿ ನೋಡಿ ಕಣ್ಣು ಕೆಂಪಾದ ಹೊತ್ತಿನಲ್ಲಿ ಇದಕ್ಕೂ ನಗು ಬಂತು. ಪರಿಹಾರ ಒಂದೇ ಒಂದು ಅಕ್ಷರ: ದೊಡ್ಡ ಎಕ್ಸ್ ಆಪ್ಷನ್. ಎಕ್ಸ್‌ಟ್ರಾ ಬೇಡ ಅಂತ. ಮೊದಲು ಸೊನ್ನೆ ಮತ್ತು ಎಕ್ಸ್ ಕೊಟ್ಟು ಮೈಮ್‌ಟೈಪ್ ಒಂದನ್ನೇ ಹಾಕಿ, ಆಮೇಲೆ ಅದೇ ಜಿಪ್‌ಗೆ ಉಳಿದದ್ದನ್ನು ಸೇರಿಸಿ. ಒಂದೇ ಏಟಿಗೆ ಎಲ್ಲವನ್ನೂ ಹಾಕಲು ಹೋದರೆ ಯಾವುದು ಮೊದಲು ಬರುತ್ತೋ ದೇವರೇ ಬಲ್ಲ.

ಈಗ ಜಿಐಒ ಸರಿಯಾಗಿ ಹೇಳುತ್ತಿದೆ, ಪ್ರಯಾರಿಟಿಯನ್ನು 60ಕ್ಕೆ ಇಳಿಸಿದ್ದೇನೆ, ಅಷ್ಟು ಸಾಕು. ‘ಫೈಲ್’ ಕಮಾಂಡ್ ಕೂಡ ಸ್ವಲ್ಪ ಮೆತ್ತಗಾಗಿದೆ. ಜಿಪ್ ಡೇಟಾ ಅಂತ ಹೇಳಿ, ಪಕ್ಕದಲ್ಲಿ ನನ್ನ ಟೈಪ್ ಹೆಸರು ಬರೆದು, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ. ನನ್ನ ಫೈಲ್ ಬಗ್ಗೆ ನನಗೇ ಅನುಮಾನ ಹುಟ್ಟಿಸುವ ಕಲೆ.

ಇದರ ನಡುವೆ ಇನ್ನೊಂದು ಉಪದ್ರವ. ಚಿತ್ರ ತಿದ್ದುವ ಒಂದು ಪ್ರೋಗ್ರಾಂ ಅಪ್‌ಡೇಟ್ ಆಯ್ತು, ಅವತ್ತಿನಿಂದ ಪಿಡಿಎಫ್ ಎಲ್ಲ ಅದರಲ್ಲೇ ತೆರೆಯಲು ಶುರು. ಪಿಡಿಎಫ್ ಓದಲು ಬರುತ್ತೆ ಅನ್ನೋದಕ್ಕೂ ಅದೇ ನನ್ನ ಕಸುಬು ಅನ್ನೋದಕ್ಕೂ ವ್ಯತ್ಯಾಸ ಬೇಡವಾ? ಡೆಸ್ಕ್‌ಟಾಪ್ ಫೈಲ್‌ನ ಮೈಮ್‌ಟೈಪ್ ಸಾಲಿನಲ್ಲಿ ಆ ವ್ಯತ್ಯಾಸ ಹೇಳಲು ಜಾಗವೇ ಇಲ್ಲ, ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಿ ಬಿಡುತ್ತಾರೆ. ನಿಮ್ಮ ಮೈಮ್‌ಆ್ಯಪ್ಸ್ ಲಿಸ್ಟ್‌ನ ಡಿಫಾಲ್ಟ್ ಭಾಗದಲ್ಲಿ ಮುಖ್ಯವಾದ ಟೈಪ್‌ಗಳನ್ನು ಕೈಯಾರೆ ಬರೆದಿಡಿ, ಆಗ ಇಂಥವರ ಆಟ ನಡೆಯಲ್ಲ.

ಮುಂದಿನದು ‘ಸಾಲು’. ಕಂಪೈಲರ್ ಎರರ್‌ನಲ್ಲಿ ಫೈಲ್ ಹೆಸರು, ಕೋಲನ್, ಸಾಲಿನ ನಂಬರ್ ಬರುತ್ತಲ್ಲ, ಅದನ್ನು ಹಾಗೇ ‘ತೆರೆ’ಗೆ ಕೊಟ್ಟರೆ ಎಡಿಟರ್ ಅದೇ ಸಾಲಿಗೆ ಹೋಗಿ ನಿಲ್ಲಬೇಕು. ಡೆಸ್ಕ್‌ಟಾಪ್ ಫೈಲ್‌ನಲ್ಲಿ ಪ್ರೋಗ್ರಾಂ ಓಡಿಸುವ ಎಕ್ಸೆಕ್ ಸಾಲಿನಲ್ಲಿ ಫೈಲ್‌ಗೆ %ಎಫ್ ಇದೆ, ಯುಆರ್‌ಎಲ್‌ಗೆ %ಯು ಇದೆ, ಸಾಲಿನ ನಂಬರ್‌ಗೆ ಏನೂ ಇಲ್ಲ. ವಿಮ್, ನ್ಯಾನೋ, ಈಮ್ಯಾಕ್ಸ್‌ಗಾದರೆ ಪ್ಲಸ್ ಹಾಕಿ ನಂಬರ್ ಕೊಡಬೇಕು, ವಿಎಸ್ ಕೋಡ್‌ಗೆ ಗೋಟು ಆಪ್ಷನ್ ಹಾಕಿ ಕೋಲನ್. ಹಾಗಾಗಿ ಎಡಿಟರ್‌ಗೊಂದು ಟೆಂಪ್ಲೇಟ್ ಬರೆಯದೆ ವಿಧಿಯಿಲ್ಲ. ಲಿನಕ್ಸ್‌ನಲ್ಲಿ ಫೈಲ್ ಹೆಸರಲ್ಲೇ ಕೋಲನ್ ಇರಬಹುದು ಅನ್ನೋದು ಬೇರೆ ತಲೆನೋವು. ಸದ್ಯಕ್ಕೆ, ಕೊಟ್ಟ ಹೆಸರಿನ ಫೈಲ್ ಇದ್ದರೆ ಹಾಗೇ ತೆರೆಯೋದು, ಇಲ್ಲದಿದ್ದರೆ ಮಾತ್ರ ಕೊನೆಯ ಕೋಲನ್ ಹತ್ತಿರ ಒಡೆಯೋದು ಅಂದುಕೊಂಡಿದ್ದೇನೆ. ಆದರೆ ಕೆಲವು ಕಂಪೈಲರ್‌ಗಳು ಸಾಲಿನ ಜೊತೆ ಕಾಲಂ ನಂಬರನ್ನೂ ಕೊಡುತ್ತವೆ, ಆಗ ಕೋಲನ್ ಎರಡು. ನೀವು ಯಾರಾದರೂ ಇದನ್ನು ಮಾಡಿದ್ದರೆ ಆ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಇತ್ತ ಕಳಿಸಿ.