ಘಟ್ಟ ಇಳಿಯುವಷ್ಟರಲ್ಲಿ ತುಂಬುವ ಬ್ಯಾಟರಿ

ನಮ್ಮ ಮೋಟಾರ್‌ಹೋಮ್ ಕಾರ್ಖಾನೆಯಿಂದ ಹಾಗೆಯೇ ಹೊರಬಂದ ಗಾಡಿಯಲ್ಲ. ಟೆಂಪೋ ಟ್ರಾವೆಲರ್ ಒಂದರ ಸೀಟುಗಳನ್ನು ತೆಗೆಸಿ, ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕು ಮತ್ತು 12 ವೋಲ್ಟಿನ ಸಣ್ಣ ಫ್ರಿಜ್ ಕೂರಿಸಿ, ಬದಲಾವಣೆಯನ್ನು ಆರ್‌ಸಿ ಪುಸ್ತಕದಲ್ಲಿ ನಮೂದಿಸಿಕೊಂಡ ಗಾಡಿ ಅದು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲೆ ಮಾರ್ಗವಾಗಿ ಕಾರವಾರಕ್ಕೆ ಹೋಗುವುದು, ಮಾಜಾಳಿಯ ಕಡೆ ಒಂದೆರಡು ರಾತ್ರಿ ತಂಗುವುದು, ಹಿಂದಿರುಗುವಾಗ ಗೋಕರ್ಣ ಅಥವಾ ಹೊನ್ನಾವರವನ್ನು ಸೇರಿಸಿಕೊಳ್ಳುವುದು ನಮ್ಮ ರೂಢಿ. ಈ ಓಡಾಟದ ಸ್ವರೂಪವನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ: ಗಾಡಿಯೊಳಗಿನ ಬ್ಯಾಟರಿ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಗಿಂತ ಅದು ಯಾವಾಗ, ಎಲ್ಲಿಂದ ತುಂಬಿಕೊಳ್ಳುತ್ತದೆ ಎಂಬ ಪ್ರಶ್ನೆ ದೊಡ್ಡದು, ಮತ್ತು ಅದಕ್ಕೆ ಉತ್ತರ ಸಿಗುವುದು ನಾವು ಓಡಾಡುವ ರಸ್ತೆಯಲ್ಲಿ.

ಗಾಡಿ ಸಿದ್ಧವಾದಾಗ ಅದರಲ್ಲಿದ್ದದ್ದು ಮನೆಗಳಲ್ಲಿ ಕಾಣುವಂಥದೇ 150 ಎಎಚ್ (ಆಂಪಿಯರ್-ಗಂಟೆ; ಒಂದು ಆಂಪಿಯರ್ ಒಂದು ಗಂಟೆ ಹರಿದರೆ 1 ಎಎಚ್) ಟ್ಯೂಬ್ಯುಲರ್ ಎಂಬ ಸೀಸ-ಆಮ್ಲದ ಬ್ಯಾಟರಿ, ಅದಕ್ಕೆ ತಕ್ಕ ಸ್ಕ್ವೇರ್ ವೇವ್ ಇನ್ವರ್ಟರ್, ಮತ್ತು ಎಂಜಿನ್ ಬ್ಯಾಟರಿಯಿಂದ ರಿಲೇ (ತಾನಾಗಿ ಕೂಡಿ ಬಿಡುವ ಸ್ವಿಚ್) ಮೂಲಕ ಎಳೆದು ತಂದ ಒಂದು ವಯರು. ಈ ಏರ್ಪಾಟು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸೊರಗಿತು. ರಾತ್ರಿ ಫ್ಯಾನು ನಿಲ್ಲುತ್ತಿತ್ತು. ಬೆಳಿಗ್ಗೆ ಮಿಕ್ಸಿ ಹಾಕಿದ ಕೂಡಲೇ ಇನ್ವರ್ಟರ್ ಕೂಗುತ್ತಿತ್ತು. ತೋಟದ ಪಂಪ್‌ಸೆಟ್ ಪ್ಯಾನೆಲ್‌ಗಳನ್ನು ಕಟ್ಟುವ, ನಮ್ಮೂರಿನ ಕಡೆಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ತೋರಿಸಿದೆ. ಅವರು ಮೀಟರ್ ಹಿಡಿದು ನೋಡಿ, ‘ಹೆಗಡೇರೇ, ಬ್ಯಾಟರಿದು ತಪ್ಪಿಲ್ಲ. ಇದಕ್ಕೆ ಒಂದು ದಿನವೂ ಹೊಟ್ಟೆ ತುಂಬ ಊಟ ಸಿಕ್ಕಿದ್ದಿಲ್ಲ’ ಎಂದರು.

ಅವರ ಮಾತಿನ ಹಿಂದಿರುವ ಕಾರಣವನ್ನು ಬಿಡಿಸಿ ಹೇಳಬೇಕು. 1859ರಲ್ಲಿ ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲದ ಬ್ಯಾಟರಿಯ ಸ್ವಭಾವ ಇಂದಿಗೂ ಮೂಲತಃ ಅದೇ. ಅದು ಸುಮಾರು 80 ಪ್ರತಿಶತದವರೆಗೆ ಬೇಗ ತುಂಬುತ್ತದೆ. ಆಮೇಲೆ ಕರೆಂಟು ತೆಗೆದುಕೊಳ್ಳುವುದನ್ನು ತಾನೇ ಕಡಿಮೆ ಮಾಡುತ್ತ ಹೋಗುತ್ತದೆ, ಉಳಿದ 20 ಪ್ರತಿಶತಕ್ಕೆ 14.4 ವೋಲ್ಟಿನ ಆಸುಪಾಸಿನಲ್ಲಿ ಹಲವು ಗಂಟೆ ಬೇಕಾಗುತ್ತದೆ. ಶಿರಸಿಯಿಂದ ಕಾರವಾರಕ್ಕೆ ಹೆಚ್ಚುಕಡಿಮೆ ಮೂರು ಗಂಟೆಯ ದಾರಿ. ಅಷ್ಟರಲ್ಲಿ, ಉದ್ದದ ತೆಳು ವಯರಿನಲ್ಲಿ ಅರ್ಧ ವೋಲ್ಟನ್ನು ಕಳೆದುಕೊಂಡು ಬರುವ ಆಲ್ಟರ್ನೇಟರಿನ (ಎಂಜಿನ್ ತಿರುಗಿಸುವ ಜನರೇಟರಿನ) ಕರೆಂಟು ಆ ಕೊನೆಯ ಭಾಗವನ್ನು ಮುಟ್ಟುವುದೇ ಇಲ್ಲ. ಪೂರ್ತಿ ತುಂಬದೆ ಉಳಿದ ಸೀಸದ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಸಾಮರ್ಥ್ಯ ವಾರದಿಂದ ವಾರಕ್ಕೆ ಕುಗ್ಗುತ್ತದೆ. ಮನೆಯಲ್ಲಿ ಇದೇ ಬ್ಯಾಟರಿ ದಿನವಿಡೀ ಲೈನಿಗೆ ಅಂಟಿಕೊಂಡಿರುವುದರಿಂದ ಆರೇಳು ವರ್ಷ ನೆಮ್ಮದಿಯಾಗಿ ಬಾಳಬಲ್ಲದು. ಆದ್ದರಿಂದ ಟ್ಯೂಬ್ಯುಲರ್ ಕೆಟ್ಟ ಬ್ಯಾಟರಿ ಎಂದು ನಾನು ಹೇಳುತ್ತಿಲ್ಲ. ಗಾಡಿಯ ಜೀವನ ಅದಕ್ಕೆ ಹೊಂದುವುದಿಲ್ಲ ಎನ್ನುತ್ತಿದ್ದೇನೆ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಅನಿಲವನ್ನು ಬಿಡುತ್ತದೆ ಎಂಬುದೂ, ಘಟ್ಟದ ತಿರುವುಗಳಲ್ಲಿ ಆಮ್ಲ ತುಳುಕುತ್ತದೆ ಎಂಬುದೂ, ಮಲಗುವ ಮಂಚದ ಕೆಳಗೆ ಅದನ್ನು ಇಡಬಾರದೆನ್ನುವುದಕ್ಕೆ ಬೇರೆಯ ಎರಡು ಕಾರಣಗಳು.

ಹೊಸದನ್ನು ಕೊಳ್ಳುವ ಮೊದಲು ಒಂದು ದಿನದ ಖರ್ಚನ್ನು ಬರೆದಿಟ್ಟೆವು. ಕರಾವಳಿಯ ಸೆಕೆಯಲ್ಲಿ ಫ್ರಿಜ್ ದಿನಕ್ಕೆ ಸುಮಾರು 45 ಎಎಚ್ ತಿನ್ನುತ್ತದೆ. 2 ಆಂಪಿಯರ್ ಎಳೆಯುವ ಡಿಸಿ ಫ್ಯಾನು ರಾತ್ರಿಯಿಡೀ ತಿರುಗಿದರೆ 20. ಲ್ಯಾಪ್‌ಟಾಪ್ ಮತ್ತು ಮೊಬೈಲುಗಳಿಗೆ 15, ದೀಪ ಮತ್ತು ನೀರಿನ ಪಂಪಿಗೆ ಸೇರಿ 10ರ ಒಳಗೆ. ಇನ್ನು ಮಿಕ್ಸಿ. ತಂಬುಳಿ ಇಲ್ಲದೆ ಊಟ ಮುಗಿಯದ ಮನೆಯವರಾದ ನಮಗೆ ಮಿಕ್ಸಿ ಬಿಡುವ ಪ್ರಶ್ನೆಯೇ ಇರಲಿಲ್ಲ. 750 ವ್ಯಾಟಿನ ಮಿಕ್ಸಿ ನೋಡಲು ಭಾರಿ ರಾಕ್ಷಸನಂತೆ ಕಂಡರೂ ಐದು ನಿಮಿಷ ಓಡಿದರೆ ಅದು ಬಳಸುವುದು ಐದಾರು ಎಎಚ್ ಮಾತ್ರ. ಫ್ಯಾನಿನ ಮೂರು ಗಂಟೆಯ ಖರ್ಚು ಅಷ್ಟೇ. ಇದರಿಂದ ಒಂದು ವಿಷಯ ಸ್ಪಷ್ಟವಾಯಿತು. ಇನ್ವರ್ಟರಿನ ಗಾತ್ರವನ್ನು ನಿರ್ಧರಿಸುವುದು ಮಿಕ್ಸಿ, ಬ್ಯಾಟರಿಯ ಗಾತ್ರವನ್ನು ನಿರ್ಧರಿಸುವುದು ಫ್ರಿಜ್ ಮತ್ತು ಫ್ಯಾನು. ಈ ಎರಡು ಲೆಕ್ಕಗಳನ್ನು ಕಲಸಿಕೊಂಡವರೇ ಬೇಡದ ದೊಡ್ಡ ಸಾಮಾನನ್ನು ತಂದು ತುಂಬುವುದು.

ಆದರೆ ಪಟ್ಟಿಯಲ್ಲಿ ಯಾರೂ ಬರೆಯದ ಒಂದು ಬಾಬ್ತು ಇದೆ. ಇನ್ವರ್ಟರ್ ಏನೂ ಕೆಲಸವಿಲ್ಲದೆ ಸುಮ್ಮನೆ ಆನ್ ಇದ್ದರೂ 15ರಿಂದ 20 ವ್ಯಾಟ್ ಬಳಸುತ್ತಲೇ ಇರುತ್ತದೆ. ದಿನಪೂರ್ತಿ ಹಾಗೆಯೇ ಬಿಟ್ಟರೆ ಅದೇ 30 ಎಎಚ್‌ ದಾಟುತ್ತದೆ, ಅಂದರೆ ಫ್ಯಾನಿಗಿಂತಲೂ ಹೆಚ್ಚು. ಆದಕಾರಣ ಫ್ಯಾನು, ದೀಪ, ಫ್ರಿಜ್, ಮೊಬೈಲ್ ಚಾರ್ಜಿಂಗ್ ಎಲ್ಲವನ್ನೂ ನೇರ 12 ವೋಲ್ಟಿಗೆ ಜೋಡಿಸಿ, ಇನ್ವರ್ಟರಿಗೆ ಅಡುಗೆ ಕಟ್ಟೆಯ ಪಕ್ಕದಲ್ಲಿ ರಿಮೋಟ್ ಸ್ವಿಚ್ ಹಾಕಿಸಿದೆವು. ಮಿಕ್ಸಿ ತಿರುಗುವಾಗ ಮಾತ್ರ ಅದು ಎಚ್ಚರವಾಗಿರುತ್ತದೆ.

ಬ್ಯಾಟರಿಯಾಗಿ ಆರಿಸಿಕೊಂಡದ್ದು 200 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್. 1990ರ ದಶಕದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಅವರ ತಂಡ ಬ್ಯಾಟರಿಗೆ ಒದಗುವುದೆಂದು ತೋರಿಸಿಕೊಟ್ಟ ರಸಾಯನ ಇದು. ಲಿಥಿಯಂ ಬ್ಯಾಟರಿಗಳ ಮೇಲಿನ ಕೆಲಸಕ್ಕಾಗಿ 2019ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಮೊಬೈಲಿನಲ್ಲಿರುವ ಕೋಬಾಲ್ಟ್ ಬಗೆಯ ಲಿಥಿಯಂಗಿಂತ ಇದು ತೂಕಕ್ಕೆ ಕಡಿಮೆ ಶಕ್ತಿಯನ್ನು ಹಿಡಿಯುತ್ತದೆ, ಆದರೆ ಬಿಸಿಗೆ ಅಷ್ಟು ಸುಲಭವಾಗಿ ಹದ ತಪ್ಪುವುದಿಲ್ಲ; ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವ ವಸ್ತುವಿಗೆ ನನಗೆ ಎರಡನೆಯ ಗುಣವೇ ಮುಖ್ಯ. 3.2 ವೋಲ್ಟಿನ ನಾಲ್ಕು ಸೆಲ್‌ಗಳು ಸರಣಿಯಲ್ಲಿ ಸೇರಿ 12.8 ವೋಲ್ಟ್ ಆಗುತ್ತದೆ. ಹಳೆಯದರ 150 ಎಎಚ್‌ನಲ್ಲಿ ಅರ್ಧವನ್ನಷ್ಟೇ ಬಳಸಬಹುದಿತ್ತು, ಇದರ 200ರಲ್ಲಿ 160ನ್ನು ನಿಶ್ಚಿಂತೆಯಿಂದ ಬಳಸಬಹುದು. ತೂಕವೂ ಹಳೆಯದರ ಅರ್ಧಕ್ಕಿಂತ ಕಡಿಮೆ. ಕೊಳ್ಳುವಾಗಿನ ಬೆಲೆಯಲ್ಲಿ ಮಾತ್ರ ಲಿಥಿಯಂ ಇಂದಿಗೂ ದುಬಾರಿಯೇ.

ಆದರೂ ನನ್ನ ಮಟ್ಟಿಗೆ ನಿರ್ಣಾಯಕವಾದದ್ದು ಇವು ಯಾವುವೂ ಅಲ್ಲ. ಲಿಥಿಯಂ ಬ್ಯಾಟರಿ ಹೆಚ್ಚುಕಡಿಮೆ ತುಂಬುವವರೆಗೂ ಕೊಟ್ಟಷ್ಟು ಕರೆಂಟನ್ನು ಒಂದೇ ಸಮನೆ ತೆಗೆದುಕೊಳ್ಳುತ್ತದೆ, ಮತ್ತು ಅರ್ಧಂಬರ್ಧ ತುಂಬಿದ ಸ್ಥಿತಿಯಲ್ಲಿ ಉಳಿದರೆ ಅದಕ್ಕೆ ಕೇಡಿಲ್ಲ. ನಮ್ಮ ಘಟ್ಟದ ದಾರಿಗೆ ಬೇಕಾಗಿದ್ದುದು ಇದೇ ಗುಣ.

ಈ ಹಸಿವಿಗೆ ಒಂದು ಅಪಾಯವೂ ಅಂಟಿಕೊಂಡಿದೆ. ಹಳೆಯ ರಿಲೇಯ ಮೂಲಕ ನೇರವಾಗಿ ಜೋಡಿಸಿದರೆ ಆಲ್ಟರ್ನೇಟರಿನಿಂದ ಸಿಕ್ಕಷ್ಟನ್ನೂ ಇದು ಎಳೆಯುತ್ತದೆ, ಮತ್ತು ನಿರಂತರ ಪೂರ್ಣ ಹೊರೆಗೆಂದು ಮಾಡಿರದ ಆಲ್ಟರ್ನೇಟರ್ ಸುಟ್ಟುಹೋಗಬಹುದು. ಗಾಡಿ ನಿಂತು ಎಂಜಿನ್ ನಿಧಾನವಾಗಿ ತಿರುಗುವಾಗ, ಅಂದರೆ ಅದರ ತಂಪಿನ ಫ್ಯಾನೂ ನಿಧಾನವಾಗಿರುವಾಗ, ಈ ಅಪಾಯ ಹೆಚ್ಚು. ಆದ್ದರಿಂದ ನಡುವೆ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿಸಿದೆವು. ಅದು 30ಕ್ಕಿಂತ ಹೆಚ್ಚು ಕೊಡುವುದಿಲ್ಲ, ವಯರಿನಲ್ಲಿ ಕಳೆದ ವೋಲ್ಟೇಜನ್ನು ಮತ್ತೆ ಏರಿಸಿ ಬ್ಯಾಟರಿಗೆ ಬೇಕಾದ 14.2 ವೋಲ್ಟನ್ನು ಒದಗಿಸುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆಯ ಹೊಸ ಮಾನದಂಡದ) ಗಾಡಿಗಳಲ್ಲಿ ಹಲವಕ್ಕೆ ತನ್ನಷ್ಟಕ್ಕೇ ವೋಲ್ಟೇಜ್ ಇಳಿಸಿಕೊಳ್ಳುವ ಆಲ್ಟರ್ನೇಟರ್ ಇರುವುದರಿಂದ ಅಂಥವುಗಳಿಗೆ ಇದು ಅನಿವಾರ್ಯ. ಮೂರು ಗಂಟೆಗೆ 30 ಆಂಪಿಯರಿನಂತೆ, ಕಾರವಾರದ ಕಡಲತೀರದಲ್ಲಿ ನಿಂತಿರುವ ಐಎನ್ಎಸ್ ಚಾಪಲ್ ಯುದ್ಧನೌಕೆ ಕಣ್ಣಿಗೆ ಬೀಳುವಷ್ಟರಲ್ಲಿ 90 ಎಎಚ್ ಒಳಸೇರಿರುತ್ತದೆ. ಅದು ಸರಿಸುಮಾರು ನಮ್ಮ ಒಂದು ದಿನದ ಖರ್ಚು.

ಸೌರ ಫಲಕವಿದ್ದರೆ ಸಾಲದೇ ಎಂದು ಭಾವ ಕೇಳಿದ್ದ. ಗಾಡಿಯ ಮೇಲೆ 200 ವ್ಯಾಟಿನ ಎರಡು ಫಲಕಗಳಿವೆ. ಜನವರಿಯಿಂದ ಏಪ್ರಿಲ್‌ವರೆಗೆ ಅವು ದಿನಕ್ಕೆ ಸುಮಾರು ಒಂದೂವರೆ ಯೂನಿಟ್ ಕೊಡುತ್ತವೆ, ಆಗ ಬೇರೆ ಏನೂ ಬೇಡ. ಆದರೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವ ಕಾರವಾರದಲ್ಲಿ, ಮೋಡ ಕವಿದ ದಿನಗಳಲ್ಲಿ ಆ ಫಲಕಗಳಿಂದ ಕಾಲುಭಾಗ ಬಂದರೂ ಪುಣ್ಯ. ಬಯಲುಸೀಮೆಯವರ ಸೌರ ಲೆಕ್ಕವನ್ನು ಇಲ್ಲಿಗೆ ತಂದು ಹಚ್ಚುವುದರಲ್ಲಿ ಅರ್ಥವಿಲ್ಲ. ಬೇಸಿಗೆಯಲ್ಲಿಯೂ ನೆರಳಿನ ತೊಂದರೆ ಇದೆ: ಸರಣಿಯಲ್ಲಿ ಜೋಡಿಸಿದ ಫಲಕದ ಮೇಲೆ ಒಂದು ತೆಂಗಿನ ಗರಿಯ ನೆರಳು ಬಿದ್ದರೂ ಉತ್ಪಾದನೆ ಗಣನೀಯವಾಗಿ ಇಳಿಯುತ್ತದೆ. ಅದಕ್ಕಾಗಿ ಎರಡನ್ನೂ ಸಮಾಂತರವಾಗಿ ಜೋಡಿಸಿದ್ದೇವೆ. ತೆಂಗಿನ ಮರದ ಕೆಳಗೆ ಗಾಡಿ ನಿಲ್ಲಿಸದಿರುವುದಕ್ಕೆ ನೆರಳಿಗಿಂತ ಗಟ್ಟಿಯಾದ ಕಾರಣ ಬೇರೆ ಇದೆ ಎಂಬುದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ಇನ್ವರ್ಟರ್ 1500 ವ್ಯಾಟಿನದು, ಪ್ಯೂರ್ ಸೈನ್ ವೇವ್, ಅಂದರೆ ಮನೆಯ ಲೈನಿನಂತೆ ನಯವಾದ ಅಲೆಯ ಕರೆಂಟು ಕೊಡುವಂಥದು. 3000 ವ್ಯಾಟಿನದನ್ನು ಕೊಂಡು ಇಂಡಕ್ಷನ್ ಒಲೆಯನ್ನೂ ಇಡಿ ಎಂದು ಹುಬ್ಬಳ್ಳಿಯ ಅಂಗಡಿಯಲ್ಲಿ ಬಹಳ ಒತ್ತಾಯಿಸಿದರು. ಮಳೆಗಾಲದಲ್ಲಿ ಎಂಜಿನ್ನಿನಿಂದ ಕಷ್ಟಪಟ್ಟು ತುಂಬಿಸಿದ ಕರೆಂಟನ್ನು ಅನ್ನ ಬೇಯಿಸಲು ಸುಡುವುದು ನನಗೆ ಸರಿಕಾಣಲಿಲ್ಲ. ಐದು ಕೆಜಿಯ ಗ್ಯಾಸ್ ಸಿಲಿಂಡರ್ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ಮಿಕ್ಸಿಯ ಮೋಟಾರು ಹೊರಡುವ ಕ್ಷಣದಲ್ಲಿ ತನ್ನ ವ್ಯಾಟಿನ ಎರಡು ಮೂರು ಪಟ್ಟು ಎಳೆಯುವುದರಿಂದ ಆ ಕ್ಷಣದ ಹೊರೆಯನ್ನು ತಡೆಯುವಷ್ಟು ಸರ್ಜ್ ಸಾಮರ್ಥ್ಯವಿದ್ದರೆ ಸಾಕು. ಇಲ್ಲಿ ಬ್ಯಾಟರಿಯೊಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಎಲೆಕ್ಟ್ರಾನಿಕ್ ಕಾವಲುಗಾರ) ಎಷ್ಟು ಆಂಪಿಯರ್ ಬಿಡುತ್ತದೆ ಎಂಬುದನ್ನೂ ನೋಡಲೇಬೇಕು. 1500 ವ್ಯಾಟನ್ನು ಕೊಡಲು ಇನ್ವರ್ಟರ್ ಬ್ಯಾಟರಿಯಿಂದ ಸುಮಾರು 130 ಆಂಪಿಯರ್ ಎಳೆಯುತ್ತದೆ. 100 ಆಂಪಿಯರಿನ ಬಿಎಂಎಸ್ ಇರುವ ಬ್ಯಾಟರಿಯನ್ನು ಅದಕ್ಕೆ ಜೋಡಿಸಿದರೆ ಪೂರ್ಣ ಹೊರೆಯಲ್ಲಿ ಇಡೀ ಗಾಡಿ ಕತ್ತಲಾಗುತ್ತದೆ.

ವಯರಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಬ್ಯಾಟರಿಯ ಬ್ರ್ಯಾಂಡಿನ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರು ವಯರಿಗೆ ಒಂದು ನಿಮಿಷವನ್ನೂ ಕೊಡುವುದಿಲ್ಲ. ನಮ್ಮಲ್ಲಿ ಮೊದಲಿದ್ದದ್ದು 16 ಚದರ ಮಿಲಿಮೀಟರಿನ ತಂತಿ. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗಿಬರುವ ಒಟ್ಟು ಉದ್ದ 3 ಮೀಟರ್ ಎಂದು ಹಿಡಿದರೆ, 130 ಆಂಪಿಯರ್ ಹರಿಯುವಾಗ ಅದರಲ್ಲಿ 0.43 ವೋಲ್ಟ್ ಕಳೆದುಹೋಗಿ, 55 ವ್ಯಾಟ್ ಬರೀ ತಂತಿಯನ್ನು ಬಿಸಿಮಾಡುವುದಕ್ಕೆ ಹೋಗುತ್ತದೆ. ಮೊದಲೇ ಬಳಲಿದ ಬ್ಯಾಟರಿಯ ಮೇಲೆ ಈ ನಷ್ಟವೂ ಸೇರಿದಾಗ ಇನ್ವರ್ಟರ್ ಕೂಗದೆ ಏನು ಮಾಡೀತು? 50 ಚದರ ಮಿಲಿಮೀಟರಿನ ತಾಮ್ರಕ್ಕೆ ಬದಲಿಸಿದ ಮೇಲೆ ನಷ್ಟ 18 ವ್ಯಾಟಿಗೆ ಇಳಿಯಿತು. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ 200 ಆಂಪಿಯರಿನ ಕ್ಲಾಸ್-ಟಿ ಫ್ಯೂಸ್ ಇದೆ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಕ್ಷಣಾರ್ಧದಲ್ಲಿ ಸಾವಿರಾರು ಆಂಪಿಯರ್ ಹರಿಯುತ್ತದೆ. ಅಗ್ಗದ ಫ್ಯೂಸ್ ಕರಗಿದರೂ ಆ ಸಂದಿನಲ್ಲಿ ಕಿಡಿ ಉರಿಯುತ್ತಲೇ ಇರಬಹುದು.

ಸಮುದ್ರದ ಗಾಳಿಯ ಉಪ್ಪು ತಾಮ್ರಕ್ಕೆ ಶತ್ರು. ತವರ ಲೇಪಿಸಿದ ಲಗ್‌ಗಳನ್ನು (ವಯರಿನ ತುದಿಯ ಲೋಹದ ಕೊಂಡಿಗಳನ್ನು) ಹೈಡ್ರಾಲಿಕ್ ಉಪಕರಣದಿಂದ ಒತ್ತಿಸಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆಯನ್ನು ಹಾಕಿಸಿದೆವು. ಇನ್ವರ್ಟರನ್ನು ಕಿಟಕಿಯಿಂದ ದೂರದ ಒಣ ಜಾಗಕ್ಕೆ ಸರಿಸಿದೆವು, ಏಕೆಂದರೆ ಅದರ ಫ್ಯಾನು ಒಳಗೆಳೆಯುವ ಗಾಳಿಯ ಜೊತೆ ಉಪ್ಪಿನ ತೇವವೂ ಸರ್ಕ್ಯೂಟ್ ಬೋರ್ಡಿನ ಮೇಲೆ ಕೂರುತ್ತದೆ. ಮಳೆಗಾಲ ಮುಗಿದ ಮೇಲೊಮ್ಮೆ ಎಲ್ಲ ನಟ್‌ಗಳನ್ನು ಬಿಗಿ ನೋಡುವುದು ಕಡ್ಡಾಯ.

ಹೊರಗಿನ ಲೈನಿಗೆ ಜೋಡಿಸಿಕೊಳ್ಳುವಾಗ ಹೆಚ್ಚಿನ ಎಚ್ಚರ ಬೇಕು. ಇನ್ವರ್ಟರಿನಿಂದ ಓಡುವಾಗ ಗಾಡಿಯೊಳಗೆ ನ್ಯೂಟ್ರಲ್ ಮತ್ತು ಅರ್ಥ್ ಒಂದು ಕಡೆ ಕೂಡಿರದಿದ್ದರೆ ಆರ್‌ಸಿಸಿಬಿ (ಕರೆಂಟು ಸೋರಿದಾಗ ಲೈನ್ ಕಡಿದು ಶಾಕಿನಿಂದ ಕಾಪಾಡುವ ಸ್ವಿಚ್) ಇದ್ದೂ ಇಲ್ಲದಂತೆ. ನೆಂಟರ ಮನೆಯ ಪ್ಲಗ್ಗಿಗೆ ಜೋಡಿಸಿದಾಗ ಆ ಕೂಡುವಿಕೆ ತಾನಾಗಿಯೇ ಬಿಟ್ಟುಹೋಗಬೇಕು. ಇದನ್ನು ಮಾಡುವ ರಿಲೇ ಕೆಲವು ಇನ್ವರ್ಟರುಗಳೊಳಗೇ ಇರುತ್ತದೆ, ಇಲ್ಲದಿದ್ದರೆ ಬಲ್ಲ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. ಘಟ್ಟದ ಮೇಲಿನ ಒಂಟಿ ಮನೆಗಳಲ್ಲಿ ಸಂಜೆ ವೋಲ್ಟೇಜ್ 180ಕ್ಕೆ ಇಳಿಯುವುದು ಹೊಸದಲ್ಲವಾದ್ದರಿಂದ ಅಗಲವಾದ ವೋಲ್ಟೇಜ್ ವ್ಯಾಪ್ತಿಯ ಚಾರ್ಜರನ್ನೇ ಆರಿಸಬೇಕು.

ಲಿಥಿಯಂ ಬ್ಯಾಟರಿಯ ವೋಲ್ಟೇಜ್ ನೋಡಿ ಅದರಲ್ಲಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಮುಕ್ಕಾಲು ತುಂಬಿದಾಗಲೂ ಕಾಲುಭಾಗ ಉಳಿದಾಗಲೂ ಅದು 13ರ ಆಸುಪಾಸಿನಲ್ಲೇ ಇರುತ್ತದೆ. ಮೈನಸ್ ತಂತಿಯಲ್ಲಿ ಶಂಟ್ (ಹರಿಯುವ ಕರೆಂಟನ್ನು ಅಳೆಯಲು ನೆರವಾಗುವ ಸಣ್ಣ ರೋಧಕ) ಕೂರಿಸಿ, ಒಳಹೋದ ಮತ್ತು ಹೊರಬಂದ ಕರೆಂಟನ್ನು ಎಣಿಸುವ ಮೀಟರ್ ಇಟ್ಟರೆ ಮಾತ್ರ ನಿಜಸ್ಥಿತಿ ತಿಳಿಯುತ್ತದೆ. ಆ ಮೀಟರಿನ ಎಣಿಕೆಯೂ ಕ್ರಮೇಣ ತಪ್ಪುವುದರಿಂದ ಆಗಾಗ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಅದನ್ನು ನೂರಕ್ಕೆ ಸರಿಹೊಂದಿಸಬೇಕು.

ಹಳೆಯ ಟ್ಯೂಬ್ಯುಲರನ್ನು ಗುಜರಿಗೆ ಹಾಕದೆ, ಮಾರಿದ ಅಂಗಡಿಗೇ ಕೊಟ್ಟು ಹೊಸದರ ಬೆಲೆಯಲ್ಲಿ ಕಡಿತ ಮಾಡಿಸಿಕೊಂಡೆವು. ಆಷಾಢದ ಮಳೆಯಲ್ಲಿ ಗಾಡಿ ವಾರಗಟ್ಟಲೆ ಮನೆಯ ಮುಂದೆಯೇ ನಿಲ್ಲುವಾಗ ಹೊಸ ಬ್ಯಾಟರಿಯನ್ನು ನೂರರಲ್ಲಿಡದೆ 50ರಿಂದ 60 ಪ್ರತಿಶತದಲ್ಲಿಟ್ಟು, ಮುಖ್ಯ ಐಸೊಲೇಟರ್ ಸ್ವಿಚ್ಚನ್ನು ತಿರುಗಿಸಿ ಎಲ್ಲವನ್ನೂ ಬೇರ್ಪಡಿಸುತ್ತೇನೆ. ಫ್ರಿಜ್‌ನ ಬಾಗಿಲನ್ನು ಮಾತ್ರ ಬೂಷ್ಟು ಹಿಡಿಯದಂತೆ ಒಂದು ಅಡಿಕೆ ದಬ್ಬೆಯ ಚೂರನ್ನು ಸಿಕ್ಕಿಸಿ ತೆರೆದಿಡಬೇಕಾಗುತ್ತದೆ.